ನಾಲ್ಕನೆಯವರ ಪಾಳಿ

ಸಬಾ ಮೊಬೈಲಿನಲ್ಲಿ ಆಡುವ ಪಚ್ಚೀಸಿ ಆಟವನ್ನು ತಾನೇ ಬರೆದಳು. ಶಹಾಪುರದ ಆ ಓಣಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಮಧ್ಯಾಹ್ನವೇ ಅವಳ ಪಡಸಾಲೆಯಲ್ಲಿ ಚಾಪೆ ಬಿತ್ತು. ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವ ಹುಡುಗಿಗೆ ಅಂದು ಕಾಲು ನೆಲಕ್ಕೆ ಹತ್ತಲಿಲ್ಲ.

ಆಡಲು ಕೂತವರು ಅವಳ ತಂಗಿ ಸಮ್ರೀನ್, ಪಕ್ಕದ ಮನೆಯ ಸವಿತಾ ಮತ್ತು ಲಾಲಮ್ಮ, ಕಡೆಗೆ ಬಳೆಗಾರ್ತಿ ಹಜರಾಬೀ. ಕಿರಿಯರಿಗೆ ಮೊದಲ ಪಾಳಿ ಬಿಟ್ಟು ಹಿರಿಯರು ಕಡೆಗೆ ಆಡುವುದು ಅಲ್ಲಿಯ ಪದ್ಧತಿ. ಹಾಗಾಗಿ ಹಜರಾಬೀಯದು ನಾಲ್ಕನೆಯ ಜಾಗ.

ಮೂವರು ಪರದೆಯ ಮೇಲೆ ತಂತಮ್ಮ ಗುಂಡಿ ಒತ್ತಿ ಕವಡೆ ಬಿಟ್ಟರು. ಹಜರಾಬೀ ತನ್ನದನ್ನು ಒತ್ತಿದರೆ ಕವಡೆ ಅಲುಗಲೇ ಇಲ್ಲ. ಪಾಳಿ ಮತ್ತೆ ಸಮ್ರೀನಳಿಗೇ ಹೋಯಿತು. ಎರಡನೇ ಸುತ್ತಿನಲ್ಲೂ ಅದೇ, ಮೂರನೆಯದರಲ್ಲೂ ಅದೇ.

"ನನ್ನ ಪಾಳಿನ ಬರವಲ್ದಲ್ಲ ಬೇಟಾ."

"ಖಾಲಾ, ಬಳಿ ಏರ್ಸಿ ಏರ್ಸಿ ನಿಮ್ಮ ಬೆರಳ ಮರಗಟ್ಯಾವರಿ. ಫೋನಿಗೆ ತಿಳಿಯವಲ್ದು," ಎಂದಳು ಸಬಾ. ಎಲ್ಲರೂ ನಕ್ಕರು. ಹಜರಾಬೀಯೂ ನಕ್ಕು, ಬೆರಳನ್ನು ಸೆರಗಿಗೆ ಒರೆಸಿ ಇನ್ನೊಮ್ಮೆ ಒತ್ತಿದಳು. ಆಮೇಲೆ "ನೀವ ಆಡ್ರಿ" ಎಂದು ಎದ್ದುಹೋದಳು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸಂಜೆ ಆಟಕ್ಕೆ ಬರೆದ ಸ್ಕ್ರಿಪ್ಟ್ ತೆರೆದು ನೋಡಿದಾಗ ಸಬಾಳ ಮುಖಕ್ಕೆ ಬಿಸಿ ಏರಿತು. ಎಷ್ಟನೆಯ ಪಾಳಿಯೋ ಅದನ್ನು ನಾಲ್ಕರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆಡುವವರ ನಂಬರು ಎಂದು ಅವಳು ಬರೆದಿದ್ದಳು. ಒಂದು ಉಳಿದರೆ ಒಂದನೆಯವರು, ಎರಡು ಉಳಿದರೆ ಎರಡನೆಯವರು, ಮೂರು ಉಳಿದರೆ ಮೂರನೆಯವರು. ಆದರೆ ನಾಲ್ಕನ್ನು ನಾಲ್ಕರಿಂದ ಭಾಗಿಸಿದರೆ ಉಳಿಯುವುದು ಸೊನ್ನೆ. ಬರೆಯುವಾಗಲೇ ಸೊನ್ನೆ ಬಂದಾಗಲೆಲ್ಲ ಆಟ ನಿಂತುಬಿಡುತ್ತಿತ್ತು. ಏಕೆಂದು ಯೋಚಿಸದೆ, 'ಸೊನ್ನೆ ಬಂದರೆ ಮುಂದಕ್ಕೆ ದಾಟು' ಎಂದು ಒಂದು ಸಾಲು ತುರುಕಿ ಕೈ ತೊಳೆದುಕೊಂಡಿದ್ದಳು. ದಾಟಿಸಿದ್ದು ಹಜರಾಬೀಯನ್ನೇ.

ಸರಿಪಡಿಸಲು ಎರಡು ನಿಮಿಷ ಸಾಕಾಯಿತು. ಹೇಳಲು ಮಾತ್ರ ನಾಲ್ಕು ದಿನ ಬಾಯಿ ಬರಲಿಲ್ಲ. ಪಾಠ ಹೇಳುವವಳೇ ತಪ್ಪು ಮಾಡಿದಳೆಂದರೆ ಓಣಿ ಏನೆಂದೀತು ಎಂಬ ಅಂಜಿಕೆ.

ಐದನೆಯ ದಿನ ಬಳೆ ಅಂಗಡಿಗೆ ಹೋದಳು. ಲಾಲಮ್ಮ ಕೈ ಚಾಚಿ ಕೂತಿದ್ದಳು. ಹಜರಾಬೀ ಬಳೆಗಳನ್ನು ಅವಳ ಮಡಿಲಲ್ಲಿ ಇಟ್ಟಳು.

"ನೀವ ಏರಿಸ್ಕೋರಿ ಲಾಲಮ್ಮ. ನನ್ನ ಬೆರಳ ಮರಗಟ್ಯಾವಂತ, ಓದಿದಾಕಿನ ಹೇಳ್ಯಾಳ. ಕೈ ನಡಗಾಕತ್ಯಾವ. ನಿನ್ನಿ ಎರಡ ಬಳಿ ಒಡದ್ವು."

ನಲವತ್ತು ವರ್ಷ ಆ ಬೆರಳುಗಳೇ ಅವಳಿಗೆ ಅನ್ನ ಹಾಕಿದ್ದವು. ಸಬಾಳಿಗೆ ತನ್ನ ನಾಲಗೆಯನ್ನೇ ಕಿತ್ತುಕೊಳ್ಳಬೇಕೆನಿಸಿತು.

"ಖಾಲಾ, ತಪ್ಪು ನಿಮ್ಮ ಬೆರಳದಲ್ರಿ, ನಂದು. ನಾಕನೇದವರಿಗೆ ಆಟದಾಗ ಪಾಳಿನ ಇಟ್ಟಿದ್ದಿಲ್ಲ ನಾ. ಅವತ್ತ ಸಂಜೀಕೇ ಗೊತ್ತಾಗಿತ್ತರಿ."

"ಅವತ್ತ ಸಂಜೀಕೇ?"

ಸಬಾ ಹೌದೆಂದು ತಲೆ ಆಡಿಸಿದಳು. ಲಾಲಮ್ಮ ಬೇರೆ ಕಡೆ ನೋಡಿದಳು. ಹಜರಾಬೀ ಬೈಯುತ್ತಾಳೆಂದು ಸಬಾ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಕೈ ಕೊಡು," ಎಂದಳು ಹಜರಾಬೀ.

ಬಿಗಿ ಅಳತೆಯ ಒಂದು ಡಜನ್ ಗಾಜಿನ ಬಳೆ ತೆಗೆದಳು. ಹೆಬ್ಬೆರಳಿನ ಬುಡವನ್ನು ಮೆತ್ತಗೆ ಅದುಮಿ ಒಂದೊಂದಾಗಿ ಏರಿಸಿದಳು. ಒಂದೂ ಒಡೆಯಲಿಲ್ಲ, ಚರ್ಮಕ್ಕೆ ಗೀರು ಸಹ ಬೀಳಲಿಲ್ಲ.

"ನೋವಾತೇನು ಬೇಟಾ?"

ಬಳೆ ಏರಿಸಿಕೊಂಡ ಪ್ರತಿಯೊಬ್ಬರನ್ನೂ ಕೇಳುವ ಹಾಗೆಯೇ ಕೇಳಿದಳು. ಸಬಾ ತಲೆ ಎತ್ತಲಾರದೆ, ಬಳೆ ತುಂಬಿದ ಕೈಯನ್ನು ಅವಳ ಮಡಿಲಲ್ಲೇ ಬಿಟ್ಟು ಅತ್ತಳು.