ಅತ್ತೆ ಮಾತು ಬಿಡಬೇಕು

ಸೀತಮ್ಮ ಬೆಳಗಿನಿಂದ ಒಂದೇ ಸಮನೆ ಮಾತಾಡುತ್ತಿದ್ದಳು. ಜಿಷ್ಣುವಿಗೆ ಅದೇ ಸಂಕಟವಾಗಿತ್ತು.

ಬೇರೆ ಕಡೆಯ ಹುಡುಗನಾಗಿದ್ದರೆ, ಹೆಣ್ಣಿನ ತಾಯಿ ಇಷ್ಟು ಸಲೀಸಾಗಿ ಮಾತಾಡುತ್ತಿದ್ದಾಳೆ, ಇನ್ನೇನು ನಮ್ಮ ಕೆಲಸ ಆಯಿತು ಎಂದು ಮೀಸೆ ತಿರುವುತ್ತಿದ್ದ. ಇವರ ಜನರಲ್ಲಿ ಲೆಕ್ಕ ತಲೆಕೆಳಗು. ಅತ್ತೆಯಾದವಳು ಅಳಿಯನ ಜೊತೆ ನೇರವಾಗಿ ಮಾತಾಡುವಂತಿಲ್ಲ, ಅಳಿಯನೂ ಅತ್ತೆಯ ಜೊತೆ ಆಡುವಂತಿಲ್ಲ. ಏನೇ ಇದ್ದರೂ ನಡುವೆ ಒಬ್ಬರನ್ನು ಇಟ್ಟುಕೊಂಡು ಆಡಬೇಕು. 'ಇನ್ನೊಂದು ಸೌಟು ಅನ್ನ ಬೇಕಾ ಕೇಳು' ಎಂದು ಅತ್ತೆ ಮಾವನಿಗೆ ಹೇಳಬೇಕು, ಮಾವ ಅಳಿಯನನ್ನು ಕೇಳಬೇಕು. ಎದುರಿಗೇ ಕೂತ ಅಳಿಯ ಅಲ್ಲಿಯವರೆಗೆ ಕಿವುಡನ ಹಾಗೆ ಇರಬೇಕು. ಹುಡುಗ ಒಪ್ಪಿಗೆಯಾದ ಎಂದು ಯಾವ ತಾಯಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ದಿನ ಇದ್ದಕ್ಕಿದ್ದ ಹಾಗೆ ಅವನ ಜೊತೆ ಮಾತು ಬಿಡುತ್ತಾಳೆ. ಅಲ್ಲಿಗೆ ಮದುವೆ ಗಟ್ಟಿ.

"ಅವ್ವ ನಿನ್ನ ಹತ್ರ ಮಾತಾಡ್ತಾ ಇರೋವರೆಗೂ ನಮಗೆ ಮದುವೆ ಇಲ್ಲ," ಎಂದು ಅಶ್ವತಿ ಫೋನಿನಲ್ಲಿ ಹೇಳಿದ್ದಳು. "ಮುಂಚೆ ನನ್ನ ಕೇಳ್ಕೊಂಡು ಬಂದ ಇಬ್ಬರ ಹತ್ರಾನೂ ಚೆನ್ನಾಗಿ ಮಾತಾಡಿ, ಚಾಯ ಕುಡಿಸಿ, ಬಸ್ಸು ಹತ್ತಿಸಿ ಕಳಿಸಿದಳು. ಏನಾದರೂ ಮಾಡಿ ಅವಳ ಬಾಯಿ ಮುಚ್ಚಿಸು."

ಹೇಳುವುದು ಸುಲಭ. ಜಿಷ್ಣು ವಯನಾಡಿನ ಪೊನ್ಕುಳಿಯವನು. ಹೆದ್ದಾರಿಯ ಪಕ್ಕದಲ್ಲೇ ಹುಟ್ಟಿ ಬೆಳೆದು, ಮುತ್ತಂಗದಲ್ಲಿ ಕಾಡು ನೋಡಲು ಬಂದವರನ್ನು ಜೀಪಿನಲ್ಲಿ ಸುತ್ತಿಸುವವನು. ಬತ್ತೇರಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಶ್ವತಿಯನ್ನು ಕಂಡ ದಿನದಿಂದ ಅವನಿಗೆ ಬೇರೆ ಹುಡುಗಿ ಕಣ್ಣಿಗೇ ಬಿದ್ದಿಲ್ಲ. ಸೀತಮ್ಮ ತಿರುನೆಲ್ಲಿಯಲ್ಲಿ ಮಲೆ ಹತ್ತುವವರಿಗೆ ದಾರಿ ತೋರಿಸುವ ಹೆಂಗಸು. ಮಳೆಗಾಲ ಕಳೆದ ಮೇಲೆ, ಜನ ಬರಲು ಶುರುವಾಗುವ ಮೊದಲು, ಮೇಲಿನವರೆಗೂ ಹೋಗಿ ಬಿದ್ದ ಮರ, ಬೆಳೆದ ಪೊದೆ, ಕುಸಿದ ಜಾಗ ನೋಡಿ ಬರುವುದು ಅವಳ ಕೆಲಸ. "ನಾಳೆ ದಾರಿ ನೋಡೋಕೆ ಹೋಗ್ತೀವಿ. ಕಾಲಿದ್ರೆ ಬಾ ಅನ್ನು ಆ ಹುಡುಗನಿಗೆ," ಎಂದಿದ್ದಳು. ಅಶ್ವತಿಯ ಕೈಲಿ ಹೇಳಿಸಿದಳಲ್ಲ, ಒಪ್ಪಿದಳೇನೋ ಎಂದು ಜಿಷ್ಣು ಹಿಗ್ಗಿದ್ದ. ಬೆಳಿಗ್ಗೆ ಅವರಿರುವ ಹಾಡಿಗೆ ಬಂದು ನಿಂತರೆ, "ಬಂದ್ಯಾ? ಕೂತ್ಕೋ. ಗಂಜಿ ಕುಡಿ," ಎಂದು ನೇರ ಮುಖಕ್ಕೇ ಹೇಳಿದಳು. ಗಂಜಿ ಗಂಟಲಲ್ಲಿ ಇಳಿಯಲಿಲ್ಲ.

ಒಂದೇ ಸಮಾಧಾನವೆಂದರೆ ಮಾರ ಜೊತೆಗಿದ್ದ. ಮಾರ ಸೀತಮ್ಮನ ಗಂಡ, ಅಶ್ವತಿಯ ಅಪ್ಪ. ಅವನು ಜಿಷ್ಣುವನ್ನು ಎಂದೋ ಒಪ್ಪಿಬಿಟ್ಟಿದ್ದ. ಆದರೆ ಅವನ ಒಪ್ಪಿಗೆಗೆ ಆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ, ಪಾಪ. "ಹೆದರಬೇಡ ಮೋನೆ. ಅವಳು ಮಾತು ಬಿಟ್ಟ ತಕ್ಷಣ ಈ ಕಡೆಯಿಂದ ಆ ಕಡೆಗೆ ಮಾತು ದಾಟಿಸೋಕೆ ನಾ ಇದ್ದೀನಲ್ಲ," ಎಂದು ಮಗನನ್ನು ಕರೆಯುವ ಹಾಗೆ ಕಿವಿಯಲ್ಲಿ ಪಿಸುಗುಟ್ಟಿದ.

ತೊರೆ ದಾಟಿ ಕಾಡಿಗೆ ಕಾಲಿಟ್ಟರು. ಸೀತಮ್ಮ ಮುಂದೆ, ಕೈಯಲ್ಲಿ ಮಚ್ಚು. ಅಡ್ಡ ಬಂದ ಬಳ್ಳಿಯನ್ನು ಕಡಿಯುತ್ತ, ಕಡಿದಷ್ಟೇ ಸಲೀಸಾಗಿ ಮಾತಾಡುತ್ತ ಹೋದಳು. ಪೊನ್ಕುಳಿಯಲ್ಲಿ ಮಳೆ ಹೇಗೆ, ಅವನ ಅವ್ವನ ಬೆನ್ನುನೋವು ಹೇಗಿದೆ, ಎಲ್ಲವನ್ನೂ ಕೇಳಿದಳು. ಪ್ರತಿ ಮಾತಿಗೂ ಜಿಷ್ಣುವಿನ ಎದೆ ಒಂದೊಂದು ಗೇಣು ಕುಸಿಯುತ್ತಿತ್ತು.

"ಮುಂಚೆ ಮಲೆ ಹತ್ತಿದ್ದೀಯಾ?"

"ಹತ್ತಿದ್ದೀನಿ ಅತ್ತೆ. ಚೆಂಬ್ರ ಹತ್ತಿದ್ದೀನಿ."

ಚೆಂಬ್ರ ಬೆಟ್ಟವನ್ನು ಅವನು ಮೇಪ್ಪಾಡಿಯ ಚಾಯದಂಗಡಿಯಲ್ಲಿ ಕೂತು ನೋಡಿದ್ದ, ಅಷ್ಟೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಇಲ್ಲಿ ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಅವನ ತೊಡೆ ನಡುಗತೊಡಗಿತು. ಆ ಕಾಲುಗಳಿಗೆ ಕ್ಲಚ್ಚು, ಬ್ರೇಕು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಸಾಲದ್ದಕ್ಕೆ ಜಿಗಣೆ. ಸೀತಮ್ಮ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು ನಿಶ್ಚಿಂತೆಯಾಗಿದ್ದಳು. ಜಿಷ್ಣುವಿಗೂ ಕೊಟ್ಟಿದ್ದಳು, ಅವನು ಗಂಡಸುತನ ತೋರಿಸಲು ಬೇಡ ಎಂದಿದ್ದ. ಈಗ ಬೂಟಿನೊಳಗೆ ಜಿಗಣೆಗಳ ಹಬ್ಬದೂಟ ನಡೆದಿತ್ತು.

"ಕಚ್ತಾ ಇದೆಯಾ?"

"ಕುಳಪ್ಪ ಇಲ್ಲ ಅತ್ತೆ," ಎಂದು ಅವನು ಹಲ್ಲು ಕಚ್ಚಿ ನಕ್ಕ. ಏನೂ ತೊಂದರೆ ಇಲ್ಲ ಎನ್ನಲು ವಯನಾಡಿನಲ್ಲಿ ಎಲ್ಲರೂ ಆಡುವ ಮಾತು ಅದು. ಆ ದಿನ ಮಾತ್ರ ಜಿಷ್ಣು ಅದನ್ನು ವಯನಾಡಿನ ಪರವಾಗಿ ಒಬ್ಬನೇ ಆಡಿ ಮುಗಿಸಿದ.

ಕಾವಲು ಗೋಪುರದ ಹತ್ತಿರ ಬಂದಾಗ ಮಾರ ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟ. ಹಳೆಯ ನೋವು. ಮೇಲಕ್ಕೆ ಬರಲಾರೆ, ಇಲ್ಲೇ ಕಪ್ಪ, ಅದೇ ಮರಗೆಣಸು, ಬೇಯಿಸಿಟ್ಟು ಕಾಯುತ್ತೇನೆ ಎಂದ. ಜಿಷ್ಣು ಅವನ ಕಾಲನ್ನು ಉಜ್ಜಿ ನೋಡಿದ, ಬೇಡಿಕೊಂಡ, ಹೊತ್ತುಕೊಂಡು ಹೋಗುತ್ತೇನೆ ಎಂದೂ ಹೇಳಿದ.

"ನಿನ್ನನ್ನೇ ಯಾರಾದ್ರೂ ಹೊರಬೇಕು," ಎಂದಳು ಸೀತಮ್ಮ. "ನಡಿ."

ಈಗ ನೋಡಿ ಪೇಚು. ಇಬ್ಬರೇ ಉಳಿದರು. ಅವಳು ಒಪ್ಪಿದರೂ ಯಾರ ಮುಖಾಂತರ ಮಾತಾಡಿಯಾಳು? ಮಾತಾಡದೆ ದಾರಿ ತೋರಿಸಲು ಆಗುತ್ತದೆಯೇ? ಅಂದರೆ ಕೆಳಗೆ ಇಳಿಯುವವರೆಗೂ ಮಾತಾಡಿಯೇ ತೀರುತ್ತಾಳೆ, ಇಳಿದ ಮೇಲೆ ಚಾಯ ಕುಡಿಸಿ ಬಸ್ಸು ಹತ್ತಿಸುತ್ತಾಳೆ. ಬಸ್ಸಿನ ಕಿಟಕಿಯಲ್ಲಿ ತನ್ನ ಮುಖ ಹೇಗೆ ಕಾಣುತ್ತದೆ ಎಂಬುದೂ ಜಿಷ್ಣುವಿಗೆ ಕಣ್ಣಿಗೆ ಕಟ್ಟಿತು.

ಗೋಪುರದಿಂದ ಮೇಲೆ ಕಾಡು ದಟ್ಟವಾಯಿತು. ಹಾವಸೆ ಹಿಡಿದ ಮರಗಳು, ಕಾಲಡಿ ಒದ್ದೆ ಎಲೆ, ಮಧ್ಯಾಹ್ನದ ಹೊತ್ತಿಗೂ ಮಸುಕು ಬೆಳಕು. ಅಲ್ಲಿ ಸೀತಮ್ಮ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದಳು.

ಜಿಷ್ಣು ಮೊದಲು ನಂಬಲಿಲ್ಲ. ಒಂದು ತಿರುವು ಕಳೆಯಿತು. ಮಾತಿಲ್ಲ. ಇನ್ನೊಂದು ತಿರುವು. ಮಾತಿಲ್ಲ. ಹಿಂದೆ ತಿರುಗಿ ಅವನನ್ನು ನೋಡಿದಳು, ಏನೂ ಹೇಳದೆ ಮುಂದಕ್ಕೆ ತಿರುಗಿದಳು. ಅವನಿಗೆ ತೊಡೆಯ ನೋವು, ಜಿಗಣೆ ಎಲ್ಲ ಮರೆತುಹೋಯಿತು. ಆಯಿತು ಕಣೇ ಅಶ್ವತಿ, ಮುಚ್ಚಿಸಿಬಿಟ್ಟೆ ಎಂದು ಮನಸ್ಸಿನಲ್ಲೇ ಕುಣಿದ. ಸಂತೋಷ ತಡೆಯಲಾರದೆ ಸಣ್ಣಗೆ ಸಿಳ್ಳೆ ಹಾಕಿದ.

ಸೀತಮ್ಮನ ಕೈ ಬಂದು ಅವನ ಬಾಯಿ ಮುಚ್ಚಿತು. "ಬುದ್ಧಿ ಉಂಟಾ ನಿನಗೆ? ಆನೆ ನಿಂತಿದೆ," ಎಂದು ಅವನ ಕಿವಿಯಲ್ಲೇ, ನೇರವಾಗಿ, ಅವನಿಗೇ ಹೇಳಿದಳು.

ಬಿದಿರಿನ ಮೆಳೆಯ ಆಚೆ ಬೂದುಬಣ್ಣದ ಬೆನ್ನೊಂದು ಅಲ್ಲಾಡಿತು. ಕೊಂಬೆ ಮುರಿದ ಸದ್ದು. ಜಿಷ್ಣುವಿನ ಜೀವ ಬಾಯಿಗೆ ಬಂತು. ಆದರೂ ನಿಜ ಹೇಳಬೇಕೆಂದರೆ, ಆನೆಗಿಂತ ಸೀತಮ್ಮ ಮಾತಾಡಿದ್ದೇ ಅವನಿಗೆ ಹೆಚ್ಚಿನ ಪೆಟ್ಟು ಕೊಟ್ಟಿತು. ಇಬ್ಬರೂ ಮರದ ಮರೆಯಲ್ಲಿ ಉಸಿರು ಹಿಡಿದು ನಿಂತರು. ಆನೆ ನಿಧಾನವಾಗಿ ತಿಂದು, ನಿಧಾನವಾಗಿ ಕಣಿವೆಗೆ ಇಳಿದುಹೋಯಿತು.

"ಭಯ ಆಯ್ತಾ?" ಎಂದು ಸೀತಮ್ಮ ಕೇಳಿದಳು.

"ಕುಳಪ್ಪ ಇಲ್ಲ ಅತ್ತೆ. ಮುತ್ತಂಗದಲ್ಲಿ ದಿನಾ ನೋಡ್ತೀನಿ."

"ಜೀಪಿನ ಒಳಗಿಂದ," ಎಂದಳು ಅವಳು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಏನೋ ಬೇಸರವಾದವಳ ಹಾಗೆ ಮುಂದೆ ನಡೆದಳು.

ಕಾಡು ಮುಗಿದು ಹುಲ್ಲಿನ ಬೆಟ್ಟ ಬಂತು. ಗಾಳಿ ತಳ್ಳಿಕೊಂಡು ಬಂತು. ಒಂದು ದಿಬ್ಬ ಹತ್ತಿದರೆ ಇನ್ನೊಂದು ದಿಬ್ಬ, ಅದನ್ನು ಹತ್ತಿದರೆ ಮತ್ತೊಂದು. ಇದೇ ಕೊನೆಯದು ಎಂದು ಜಿಷ್ಣು ಪ್ರತಿ ಸಲವೂ ಮೋಸ ಹೋದ. ಕೊನೆಗೆ ನಿಜವಾಗಿ ಮೇಲೆ ಬಂದು ನಿಂತಾಗ ಅವನಿಗೆ ಬಂದ ಕೆಲಸವೇ ಮರೆತುಹೋಯಿತು. ಒಂದು ಕಡೆ ಕೊಡಗಿನ ಕಾಡು, ಬೆಟ್ಟದ ಹಿಂದೆ ಬೆಟ್ಟ, ನೀಲಿಯ ಹಿಂದೆ ತೆಳು ನೀಲಿ. ಇನ್ನೊಂದು ಕಡೆ ಕೆಳಗೆ ತಿರುನೆಲ್ಲಿಯ ಗದ್ದೆಗಳು, ದೂರದಲ್ಲಿ ಬಾಣಾಸುರ ಬೆಟ್ಟದ ಸಾಲು, ಅದರ ಮೇಲೆ ಮೋಡದ ನೆರಳು ಹರಿದಾಡುತ್ತಿತ್ತು. ಮಾನಂದವಾಡಿ ಬಸ್ಸು ಕೆಂಪು ಚುಕ್ಕೆಯಂತೆ ತೆವಳುತ್ತಿತ್ತು.

"ಚೆನ್ನಾಗಿದೆ ಅತ್ತೆ," ಎಂದ. ಆ ದಿನ ಅವನು ಆಡಿದ ಮೊದಲ ನಿಜ ಅದು.

"ನನಗೆ ಪ್ರತಿ ವರ್ಷವೂ ಹೊಸದಾಗೇ ಕಾಣ್ತದೆ," ಎಂದಳು ಅವಳು, ಮೆತ್ತಗೆ.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಪಕ್ಕದಲ್ಲಿ ಒಂದು ದೊಡ್ಡ ಬಂಡೆ ನಿಂತಿತ್ತು. ಅದರ ನೆತ್ತಿಯಿಂದ ಇನ್ನೂ ಚೆನ್ನಾಗಿ ಕಾಣುತ್ತದಲ್ಲವೇ ಎಂದು ಅವನಿಗೆ ಹೊಳೆಯಿತು. "ಹತ್ತಬೇಡ. ಹತ್ತೋದು ಸುಲಭ, ಇಳಿಯೋದು ಕಷ್ಟ," ಎಂದಳು ಸೀತಮ್ಮ. ಇದೊಂದೇ ಅವಕಾಶ, ಗಟ್ಟಿಗ ಎಂದು ತೋರಿಸದೆ ಬಿಟ್ಟರೆ ಬಸ್ಸೇ ಗತಿ ಎಂದುಕೊಂಡ ಜಿಷ್ಣು, "ಕುಳಪ್ಪ ಇಲ್ಲ," ಎನ್ನುತ್ತಲೇ ಹತ್ತಿಬಿಟ್ಟ. ಮೇಲೆ ನಿಂತು ಕೈಯನ್ನೂ ಬೀಸಿದ.

ಇಳಿಯಲು ಹೊಟ್ಟೆಯ ಮೇಲೆ ಮಲಗಿ ಕಾಲು ಕೆಳಗೆ ಬಿಟ್ಟ. ಹತ್ತುವಾಗ ಕೈಗೆ ಸಿಕ್ಕಿದ ಹಿಡಿ ಯಾವುದೂ ಈಗ ಕಾಲಿಗೆ ಸಿಗಲಿಲ್ಲ. ಮೇಲಕ್ಕೆ ಮರಳಿ ಎಳೆದುಕೊಳ್ಳಲು ತೋಳಿನಲ್ಲಿ ಕಸುವಿಲ್ಲ. ತಿರುಗಿ ನೋಡಿದರೆ ಬಂಡೆಯ ಬುಡದಿಂದ ಹುಲ್ಲು ಜಾರಿ ಜಾರಿ ಸೀದಾ ಕೊಡಗಿನೊಳಗೆ ಬೀಳುತ್ತಿತ್ತು. ಕೈಬೆರಳು ಬೆವತು ಜಾರತೊಡಗಿತು.

"ಭಯ ಆಗ್ತದಾ?" ಸೀತಮ್ಮನ ದನಿ ಕೆಳಗಿನಿಂದ ಬಂತು.

ರೂಢಿಯ ಉತ್ತರಕ್ಕೆ ಬಾಯಿ ತೆರೆದ. ಅದು ಬರಲಿಲ್ಲ.

"ಆಗ್ತದೆ ಅತ್ತೆ," ಎಂದ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ತುಂಬಾ ಭಯ ಆಗ್ತದೆ. ಆನೆ ನೋಡಿದಾಗಲೂ ಆಗಿತ್ತು. ಜಿಗಣೆ ಕಾಲನ್ನೆಲ್ಲ ತಿಂದು ಹಾಕಿದೆ. ನಾ ಚೆಂಬ್ರ ಹತ್ತಿಲ್ಲ, ಯಾವ ಮಲೆಯೂ ಹತ್ತಿಲ್ಲ. ಬೆಳಿಗ್ಗೆ ನಿಮ್ಮ ಮುಂದೆ ಗಂಜಿ ಕುಡಿಯೋಕೂ ಭಯ ಆಗಿತ್ತು. ನನಗೆ ಇಳಿಯೋಕೆ ಗೊತ್ತಾಗ್ತಿಲ್ಲ."

ಕೆಳಗಿನಿಂದ ಉತ್ತರ ಬರಲಿಲ್ಲ. ಮುಗಿಯಿತು, ಹುಡುಗಿಯೂ ಹೋದಳು, ಮಾನವೂ ಹೋಯಿತು, ಇನ್ನು ಜೀವವೊಂದು ಬಾಕಿ ಎಂದುಕೊಂಡು ಅವನು ಕಣ್ಣು ಮುಚ್ಚಿದ.

"ಏ ಬಂಡೆ," ಎಂದಳು ಸೀತಮ್ಮ. "ನಿನ್ನ ಮೇಲೆ ಒಬ್ಬ ನೇತಾಡ್ತಾ ಇದ್ದಾನೆ ನೋಡು. ಅವನಿಗೆ ಹೇಳು, ಮೊದಲು ಕಣ್ಣು ಬಿಡಲಿ."

ಜಿಷ್ಣು ಕಣ್ಣು ಬಿಟ್ಟ.

"ಎಡಗಾಲು ಇನ್ನೂ ಒಂದು ಗೇಣು ಕೆಳಗೆ ಬಿಡಲಿ ಅನ್ನು. ಅಲ್ಲೊಂದು ಸೀಳು ಉಂಟು. ಹಾಂ. ಈಗ ಬಲಗೈ ಬಿಟ್ಟು ಆ ಮೊನೆ ಹಿಡಿಯಲಿ. ಅವಸರ ಬೇಡ ಅನ್ನು. ಬಿದ್ದರೆ ಹಿಡಿಯೋಕೆ ನಾ ಕೆಳಗೇ ನಿಂತಿದ್ದೀನಿ ಅಂತಲೂ ಹೇಳು."

ಅವಳಿಗೇನಾದರೂ ತಲೆ ಕೆಟ್ಟಿತೇ ಎಂದು ಒಂದು ಗಳಿಗೆ ಅವನಿಗೆ ಅನಿಸಿದ್ದುಂಟು. ಆದರೆ ಬಂಡೆಗೆ ಹೇಳಿದ್ದನ್ನೆಲ್ಲ ಮಾಡುತ್ತ ಬಂದ. ಸೀಳಿಗೆ ಕಾಲು, ಮೊನೆಗೆ ಕೈ. ಅವನ ಹಿಮ್ಮಡಿಗೆ ಕೆಳಗಿನಿಂದ ಒರಟು ಅಂಗೈಯೊಂದು ಆಸರೆಯಾಯಿತು. ನೆಲ ತಾಗಿತು. ತಾಗಿದ ಮೇಲೆಯೇ ಅವನಿಗೆ ಅರ್ಥವಾದದ್ದು. ಹುಲ್ಲಿನಲ್ಲಿ ಕೂತುಬಿಟ್ಟ. ನಗು ಬಂತು, ಅದರ ಜೊತೆಗೇ ಅಳುವೂ ಬಂತು, ಯಾವುದನ್ನು ತಡೆಯಬೇಕೆಂದು ತಿಳಿಯಲಿಲ್ಲ.

"ಅತ್..." ಎಂದವನು ನಾಲಿಗೆ ಕಚ್ಚಿಕೊಂಡ. ಬಂಡೆಯ ಕಡೆ ತಿರುಗಿ, "ಬಂಡೆಯಪ್ಪ, ಅತ್ತೆಗೆ ಹೇಳು, ನನಗೆ ತುಂಬಾ ಸಂತೋಷ ಆಗ್ತಿದೆ ಅಂತ," ಎಂದ.

ಸೀತಮ್ಮ ಆಗಲೇ ಬೆನ್ನು ತಿರುಗಿಸಿ ಮಚ್ಚು ಎತ್ತಿಕೊಂಡಿದ್ದಳು. "ಅಳೋದು ಆದ ಮೇಲೆ ಬೂಟು ಬಿಚ್ಚಿ ಜಿಗಣೆ ಕಿತ್ತು ಹಾಕಲಿ ಅನ್ನು," ಎಂದಳು ಬಂಡೆಗೆ.

ಇಳಿಯುವ ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಜಾರುವ ಜಾಗ ಬಂದರೆ ಮಚ್ಚಿನಿಂದ ಮರಕ್ಕೆ ಟಕ್ಕೆಂದು ಬಡಿದು ನಿಲ್ಲುತ್ತಿದ್ದಳು. ಅವನು ದಾಟಿದ ಮೇಲೆ ಮುಂದೆ ಹೋಗುತ್ತಿದ್ದಳು. ಅಂಥ ಸುಖದ ಇಳಿಜಾರನ್ನು ಜಿಷ್ಣು ಜೀಪಿನಲ್ಲೂ ಕಂಡಿರಲಿಲ್ಲ.

ಗೋಪುರದ ಕೆಳಗೆ ಮಾರ ಕಪ್ಪ ಬೇಯಿಸಿ, ಕಾಂತಾರಿ ಮೆಣಸು ಅರೆದು, ಎಲೆ ಹಾಸಿ ಕಾಯುತ್ತಿದ್ದ. ಇಬ್ಬರ ಮುಖವನ್ನೂ ನೋಡಿ, "ಏನಾಯ್ತು?" ಎಂದ. ಇಬ್ಬರೂ ಎಲೆಯ ಮುಂದೆ ಕೂತರು. "ಸೀತೇ, ಹುಡುಗನಿಗೆ ಬಡಿಸ್ಲಾ ಕೇಳು," ಎಂದ.

"ನಾ ಯಾಕೆ ಕೇಳಲಿ? ನೀನೇ ಕೇಳು," ಎಂದಳು ಸೀತಮ್ಮ.

ಮಾರನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹೆಂಡತಿಯನ್ನು ನೋಡಿದ, ಜಿಷ್ಣುವನ್ನು ನೋಡಿದ. ಮುಖದ ತುಂಬ ನಗು ಹರಡಿತು. ಮೊಣಕಾಲು ನೋವಿನವನು ಎದ್ದು ನಿಂತೇ ಬಿಟ್ಟ.

"ಅವನಿಗೆ ಹೇಳು," ಎಂದಳು ಸೀತಮ್ಮ, ಎಲೆಯ ಮೇಲಿನ ಕಪ್ಪವನ್ನು ಸುಮ್ಮನೆ ಬೆರಳಿನಿಂದ ಮುರಿಯುತ್ತ. "ಮುಂಚೆ ಬಂದ ಇಬ್ಬರೂ ಕಡೆವರೆಗೂ ಭಯ ಇಲ್ಲ ಅಂದರು. ಭಯ ಮುಚ್ಚಿಡೋರು ಇಬ್ಬರು ಒಂದೇ ಮನೇಲಿದ್ದರೆ ಆಗಲ್ಲ. ನಮ್ಮ ಅಶ್ವತಿಗೆ ಭಯ ಆದರೆ ಅವಳು ಹೇಳೋಳಲ್ಲ. ನಗ್ತಾಳೆ. ಚಿಕ್ಕಂದಿನಿಂದಲೂ ಹಾಗೇ. ಜ್ವರ ಬಂದರೂ ನಗ್ತಾಳೆ, ಕತ್ತಲಾದರೂ ನಗ್ತಾಳೆ. ಇಷ್ಟು ದಿನ ಅದನ್ನು ನಾ ನೋಡ್ಕೊಂಡೆ. ಸುಮ್ಮಸುಮ್ಮನೆ ನಕ್ಕರೆ ಹತ್ರ ಹೋಗಿ ಕೂತ್ಕೋಬೇಕು ಅಂತ ಹೇಳು ಅವನಿಗೆ."

ಮಾರ ಮಾತು ದಾಟಿಸಲು ಜಿಷ್ಣುವಿನ ಕಡೆ ತಿರುಗಿದ. "ಅದು... ಏನಂದ್ರೆ ಮೋನೆ... ನಮ್ಮ ಅಶ್ವತಿ..." ಎಂದ. ಮತ್ತೊಮ್ಮೆ ಪ್ರಯತ್ನಿಸಿದ, ಆಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

"ನಿನಗೆ ಕೇಳಿಸ್ತಲ್ಲ?" ಎಂದು ಕೇಳಿದ.

"ಕೇಳಿಸ್ತು ಮಾವ," ಎಂದ ಜಿಷ್ಣು.