ಶ್ಯಾಂಗ್ ಟೀಚರ ದನಿ

ಬೆಳಗಿನಿಂದ ಬಂದು ಕೂತವರೆಲ್ಲ ಒಂದೇ ಅಚ್ಚಿನಲ್ಲಿ ಮಾತಾಡಿದ್ದರು. ನನ್ನ ಹೆಸರು ಇಂಥದ್ದು, ನಮ್ಮ ಊರು ಬಹಳ ಸುಂದರ, ನನಗೆ ಹಾಡು ಇಷ್ಟ. ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು ಬಂದ ಇಂಗ್ಲಿಷು. ಯೀಚಾಂಗ್ ಊರಿನ ಹಡಗುಕಟ್ಟೆಯ ಪಕ್ಕದ ಊಟದ ಹಜಾರದಲ್ಲಿ ಕೂತು ರಾನ್ ಯಿನ್‌ಚ್ಯೂ ಅದನ್ನೆಲ್ಲ ಕೇಳಿಸಿಕೊಂಡು ಅಂಕ ಹಾಕುತ್ತಿದ್ದಳು. ಪ್ರವಾಸಿ ಹಡಗುಗಳು ನದಿಗಿಳಿಯುವ ಮುಂಚೆ ಅವಳು ಪ್ರತಿವರ್ಷ ತಾನು ಇಂಗ್ಲಿಷ್ ಕಲಿಸುವ ವೂಹಾನಿನಿಂದ ಇದಕ್ಕೆಂದೇ ಬರುತ್ತಿದ್ದಳು. ಚಿತ್ರ ನೋಡಿ ಪದ ಹೇಳಬೇಕು, ಆಮೇಲೆ ಸಂಭಾಷಣೆ, ಕೊನೆಗೆ ಒಂದು ಪ್ಯಾರಾ ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು. ಪಾಸಾದವರಿಗೆ ವಿದೇಶಿಯರು ಇಳಿದುಕೊಳ್ಳುವ ಕೋಣೆಗಳ ಕೆಲಸ, ಉಳಿದವರಿಗೆ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಕೆಲಸ.

ಊಟಕ್ಕೆ ಏಳುವ ಹೊತ್ತಿಗೆ ಮೌ ಶುವಾಂಗ್ ಎಂಬ ಹುಡುಗಿ ಬಂದಳು. ಇಪ್ಪತ್ತರ ಆಸುಪಾಸು, ಬಿಸಿಲಿಗೆ ಕಂದಿದ ಕೆನ್ನೆ. ಚಿತ್ರಗಳನ್ನು ತೋರಿಸಿದರೆ ದಿಂಬು, ಹೊದಿಕೆ, ತೇಲುಜಾಕೀಟು ಎಂದು ಒಂದನ್ನೂ ತಪ್ಪದೆ ಹೇಳಿದಳು. ಯಿನ್‌ಚ್ಯೂ ಸಂಭಾಷಣೆಗೆ ಬಂದಳು.

"ನೀನು ಚಿಕ್ಕವಳಿದ್ದಾಗ ನಡೆದ ಒಂದು ಸಂಗತಿ ಹೇಳು," ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮಂಡಿಯ ಮೇಲಿಟ್ಟು, "ಲೌ, ಲಿಸನ್," ಎಂದು ಶುರುಮಾಡಿದಳು.

ಯಿನ್‌ಚ್ಯೂಳ ಪೆನ್ನು ಹಾಳೆಯ ಮೇಲೇ ನಿಂತುಬಿಟ್ಟಿತು.

"ನೌ" ಎನ್ನಬೇಕಾದಲ್ಲಿ "ಲೌ". ಅದು ದೊಡ್ಡ ವಿಷಯವಲ್ಲ, ನದಿಯ ಮೇಲ್ಭಾಗದ ಕಣಿವೆಗಳ ಜನಕ್ಕೆ ನಕಾರ ಲಕಾರ ಎರಡೂ ಒಂದೇ. ಆದರೆ ಆಮೇಲೆ ಬಂದದ್ದು? "ರಿವರ್" ಎನ್ನುವಾಗ ರಕಾರವನ್ನು ನಾಲಿಗೆಯ ಮೇಲೆ ಗರಗರ ಉರುಳಿಸುವ ರೀತಿ, ವಾಕ್ಯದ ಕೊನೆಗೆ ದನಿಯನ್ನು ಕೊಂಚ ಎತ್ತಿ, ತುಂಬಿದ ಕೊಡ ಕೆಳಗಿಟ್ಟಂತೆ ಮೆಲ್ಲಗೆ ಇಳಿಸುವ ರೀತಿ? ಹಾಗೆ ಇಂಗ್ಲಿಷ್ ಮಾತಾಡುತ್ತಿದ್ದವಳು ಈ ಲೋಕದಲ್ಲಿ ಒಬ್ಬಳೇ. ಅವಳು ಯಿನ್‌ಚ್ಯೂಳ ತಾಯಿ, ಲ್ಯೂತಾಂಗ್ ಊರಿನ ಶಾಲೆಯ ಶ್ಯಾಂಗ್ ಟೀಚರ್.

ಶ್ಯಾಂಗ್ ಟೀಚರ್ ಕಲಿತದ್ದು ರಷ್ಯನ್ ಭಾಷೆ. ಕಲಿತು ಶಾಲೆಗೆ ಬರುವ ಹೊತ್ತಿಗೆ ರಷ್ಯನ್ ಯಾರಿಗೂ ಬೇಡವಾಗಿ, ಇಂಗ್ಲಿಷ್ ಹೇಳಿಕೊಡಿ ಎಂದರು. ರೇಡಿಯೋ ಕೇಳಿಕೊಂಡು, ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು ಕಲಿಸಿದಳು. ಆಮೇಲೆ ಕೆಳಗೆ ಅಣೆಕಟ್ಟು ಎದ್ದು ನೀರು ಏರಿತು. ಊರಿಗೆ ಊರೇ ಗುಡ್ಡದ ಮೇಲಿನ ಹೊಸ ಊರಿಗೆ ಹೋಯಿತು. ನೀರು ಏರಿದ ಆ ಬೇಸಿಗೆಯಲ್ಲೇ ಶ್ಯಾಂಗ್ ಟೀಚರ್ ಕಾಣೆಯಾದಳು. ಹೊಸ ಮನೆಯ ಬಾಗಿಲಿಗೆ ಬೀಗ ಹಾಕಿತ್ತು, ಒಲೆಯ ಮೇಲೆ ಗಂಜಿ ಇತ್ತು, ಆಕೆ ಇರಲಿಲ್ಲ. ವಲಸೆ ಹೊರಟವರ ಜೊತೆ ಬೇರೆ ಪ್ರಾಂತ್ಯಕ್ಕೆ ಹೋಗಿರಬೇಕು ಎಂದು ಕೆಲವರು ಹೇಳಿದರು. ಅಂದಿನಿಂದ ಯಿನ್‌ಚ್ಯೂ ಯಾವ ರೈಲು ನಿಲ್ದಾಣಕ್ಕೆ ಕಾಲಿಟ್ಟರೂ ಮೊದಲು ನರೆಗೂದಲಿನ ಹೆಂಗಸರ ಮುಖ ನೋಡುತ್ತಿದ್ದಳು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಪರೀಕ್ಷಕ ಗ್ವಾನ್ ಅವಳ ಕಡೆ ಬಾಗಿ ಪಿಸುಗುಟ್ಟಿದ. "ಇದೇನ್ರೀ ಇದು, ರಷ್ಯಾದ ಅಜ್ಜಿ ನಮ್ಮ ಮೆಣಸಿನಕಾಯಿ ನೂಡಲ್ಸ್ ತಿಂದು ಮಾತಾಡಿದಂಗಿದೆ! ಅದೂ ಅಲ್ದೆ, ಚಿಕ್ಕವಳಿದ್ದಾಗಿಂದು ಕೇಳಿದ್ರೆ ಎಲ್ಲಾ ಈಗ ನಡೀತಿರೋ ಹಂಗೆ ಹೇಳ್ತಾಳಲ್ಲ. ಭೂತಕಾಲ ಅನ್ನೋದೇ ಇಲ್ವಾ ಇವಳ ಹತ್ರ?"

ಯಿನ್‌ಚ್ಯೂ ಓದುವ ಪುಟವನ್ನು ಹುಡುಗಿಯ ಮುಂದೆ ಸರಿಸಿದಳು. ಓದುವ ಪರೀಕ್ಷೆಗೆ ಒಂದು ಪ್ಯಾರಾ ಸಾಕಿತ್ತು. ಹುಡುಗಿ ಇಡೀ ಪುಟ ಮುಗಿಸುವವರೆಗೂ ಅವಳು ಕೇಳುತ್ತ ಕೂತಳು. ಹಜಾರದ ಕಿಟಕಿಗಾಜುಗಳಾಚೆ ನದಿ ಮಂಜಿನಲ್ಲಿ ಮುಳುಗಿತ್ತು. ಯಿನ್‌ಚ್ಯೂಳ ಕುತ್ತಿಗೆಯ ಹಿಂದೆ ಯಾರೋ ನಿಂತು ಬಗ್ಗಿ ನೋಡುತ್ತಿರುವಂತೆ ತಣ್ಣಗಾಯಿತು.

"ಯಾರಮ್ಮ ನಿಂಗೆ ಕಲಿಸಿದ್ದು?" ಈಗ ಚೀನೀ ಭಾಷೆಯಲ್ಲಿ ಕೇಳಿದಳು.

"ನಮ್ಮಪ್ಪ, ಮೇಡಂ."

"ಅವರು ಮೇಷ್ಟ್ರಾ?"

"ಅಯ್ಯೋ ಇಲ್ಲ! ಮೊದ್ಲು ದೋಣಿ ಇತ್ತು, ಈಗ ಕಿತ್ತಳೆ ಗಿಡ ನೋಡ್ಕೋತಾರೆ. ಅಪ್ಪ ಉಗ್ಗುತ್ತಾರೆ ಮೇಡಂ. ಒಂದು ಮಾತು ಹೊರಗೆ ಬರಬೇಕಾದ್ರೆ ಬೆವರಿಳಿಯುತ್ತೆ. ಇಂಗ್ಲಿಷಲ್ಲಿ ಮಾತ್ರ ಉಗ್ಗೇ ಇಲ್ಲ. ಚಿಕ್ಕಂದಿನಲ್ಲಿ ಅವರ ಟೀಚರ್ ಅದನ್ನ ಕಂಡುಹಿಡಿದು ದಿನಾ ಕೂರಿಸ್ಕೊಂಡು ಓದಿಸಿದ್ರಂತೆ. ಅದಕ್ಕೇ ಮನೇಲಿ ನನ್ನ ಹತ್ರ ಇಂಗ್ಲಿಷಲ್ಲೇ ಮಾತು." ಹುಡುಗಿ ತುಟಿ ಕಚ್ಚಿಕೊಂಡಳು. "ನಾನು ಪಾಸಾ, ಫೇಲಾ?"

"ಪದ, ಓದು ಚೆನ್ನಾಗಿದೆ. ಮಾತಿನಲ್ಲಿ ಫೇಲು. ನಡೆದದ್ದನ್ನ ನಡೆದುಹೋಯ್ತು ಅಂತ ಹೇಳೋಕೆ ಬರಲ್ಲ ನಿಂಗೆ. ಕಲಿತುಕೊಂಡು ಮುಂದಿನ ಸಲ ಬಾ," ಎಂದಳು ಯಿನ್‌ಚ್ಯೂ. ಅಂಕದ ಹಾಳೆ ಪಕ್ಕಕ್ಕಿಟ್ಟು ಕೇಳಿದಳು. "ನಿಮ್ಮೂರಿಗೆ ನಾಳೆ ಬಸ್ಸು ಯಾವಾಗ?"

ಹುಡುಗಿ ಬಾಯಿ ಬಿಟ್ಟಳು. "ಫೇಲೂ ಮಾಡಿ ಮನೆಗೂ ಬರ್ತೀರಾ, ಮೇಡಂ?"

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಹೊಸ ಲ್ಯೂತಾಂಗಿನಲ್ಲಿ ಬಸ್ಸಿಳಿದರು. ಹಳೆಯ ಊರಿನ ಹೆಸರು ಬಿಟ್ಟರೆ ಅಲ್ಲಿ ಹಳೆಯದು ಏನೂ ಇರಲಿಲ್ಲ. ಬಿಳಿ ಟೈಲ್ಸಿನ ಗೋಡೆಗಳು, ಅಗಲ ರಸ್ತೆ, ಕೆಳಗೆ ಅಲ್ಲಾಡದ ಹಸಿರು ನೀರು. ಬೇಕೆಂದೇ ಯಿನ್‌ಚ್ಯೂ ಆ ನೀರಿನ ಕಡೆ ತಿರುಗಲಿಲ್ಲ.

ಮೌ ಚಾಂಗ್‌ಗೆಂಗ್ ಅಂಗಳದಲ್ಲಿ ಕಿತ್ತಳೆ ಬುಟ್ಟಿ ಹೆಣೆಯುತ್ತಿದ್ದ. ಅಗಲ ಭುಜ, ಬಾಗಿದ ತಲೆ. ಮಗಳ ಹಿಂದೆ ಬಂದವಳನ್ನು ನೋಡಿದ್ದೇ ತಡ, ಕೈಯಲ್ಲಿದ್ದ ಬಿದಿರ ಸೀಳು ಜಾರಿತು. ಯಿನ್‌ಚ್ಯೂಳ ಮುಖ ತಾಯಿಯದೇ ಅಚ್ಚು.

"ಟೀ... ಟೀ... ಟೀ..." ಅವನ ಕುತ್ತಿಗೆಯ ನರ ಉಬ್ಬಿತು.

"ಟೀಚರ ಮಗಳು ಅಣ್ಣಾ. ಯಿನ್‌ಚ್ಯೂ."

ಅವನು ಸ್ಟೂಲು ಎಳೆದು ಕೂರಿಸಿದ, ಚಹಾ ಸುರಿದ, ಕಿತ್ತಳೆ ಸುಲಿದು ಕೈಗಿತ್ತ. ಮತ್ತೆ ಸುಲಿದ. ಅವಳ ಕೈ ತುಂಬಿದ ಮೇಲೂ ಸುಲಿಯುತ್ತಲೇ ಇದ್ದ.

"ಅಣ್ಣಾ, ಅಮ್ಮನ ವಿಷಯ ಏನಾದ್ರೂ ಗೊತ್ತಾ ನಿಮಗೆ?"

ಅವನು ತಲೆಯಾಡಿಸಿದ. ಗೊತ್ತು. ಬಾಯಿ ತೆರೆದ. ತುಟಿ ನಡುಗಿತು, ಗಂಟಲಿನಲ್ಲಿ ಗಾಳಿ ಸಿಕ್ಕಿಕೊಂಡಿತು, ಕಣ್ಣಲ್ಲಿ ನೀರು ಬಂತು. ಮಾತು ಬರಲಿಲ್ಲ. ಮಗಳು ಓಡಿಬಂದು ಬೆನ್ನು ನೀವಿದಳು. "ಬೇಡ ಬಿಡಪ್ಪ, ಬೇಡ ಬಿಡು."

ಯಿನ್‌ಚ್ಯೂಗೆ ಏನು ಕೇಳಬೇಕೆಂದು ತಿಳಿದಿತ್ತು. ಕೇಳುವುದಕ್ಕೆ ಅವಳಿಗೇ ಹೆದರಿಕೆಯಾಯಿತು. ಆದರೂ ಕೇಳಿದಳು. "ಇಂಗ್ಲಿಷಲ್ಲಿ ಹೇಳಿ ಅಣ್ಣಾ."

ಅವನು ಬೆನ್ನು ನೆಟ್ಟಗೆ ಮಾಡಿದ. ಕೈ ಮಂಡಿಯ ಮೇಲಿಟ್ಟ. ತರಗತಿಯಲ್ಲಿ ಕೂತ ಹುಡುಗನಾದ. "ಲೌ, ಲಿಸನ್," ಎಂದ. ಆ ದೊಡ್ಡ ಗಂಡಸಿನ ಎದೆಯಿಂದ ಹೊರಟದ್ದು ಅವಳ ತಾಯಿಯ ದನಿ. ಮಗಳಲ್ಲಿ ಅದು ಬರೀ ನೆರಳಾಗಿತ್ತು. ಇಲ್ಲಿ ಉಸಿರು ಸಮೇತ ಇತ್ತು, ವಾಕ್ಯದ ನಡುವೆ ಶ್ಯಾಂಗ್ ಟೀಚರ್ ಎಂಜಲು ನುಂಗುತ್ತಿದ್ದ ಸಣ್ಣ ಸದ್ದೂ ಇತ್ತು. ಯಿನ್‌ಚ್ಯೂ ಕಣ್ಣು ಮುಚ್ಚಿಕೊಂಡಳು.

"ಇದು ಜೂನ್ ತಿಂಗಳು. ನದಿಯು ಏರುತ್ತದೆ. ಗುರುಗಳು ನನ್ನ ದೋಣಿಯ ಬಳಿಗೆ ಬರುತ್ತಾರೆ. ಅವರ ಕೈಯಲ್ಲಿ ಒಂದು ಮೀನು ಇದೆ. ಮೀನು ಬೆಕ್ಕಿಗಾಗಿ. ಬೆಕ್ಕು ಹಳೆಯ ಶಾಲೆಯಲ್ಲಿ ವಾಸಿಸುತ್ತದೆ. ಬೆಕ್ಕಿಗೆ ಹೊಸ ಮನೆ ಇಷ್ಟವಿಲ್ಲ."

ಚಾಂಗ್‌ಗೆಂಗ್ ಕಲಿತದ್ದು ಅಷ್ಟೇ. ಮೊದಲ ಪುಸ್ತಕದ ಪದಗಳು, ಮೊದಲ ಪುಸ್ತಕದ ವಾಕ್ಯಗಳು. ಭೂತಕಾಲ ಬರುವುದು ಎರಡನೆಯ ಪುಸ್ತಕದಲ್ಲಿ, ಅಷ್ಟರಲ್ಲಿ ಅವನ ತಂದೆ ಶಾಲೆ ಬಿಡಿಸಿ ದೋಣಿಗೆ ಹಾಕಿಕೊಂಡಿದ್ದ.

"ನಾನು ಹೇಳುತ್ತೇನೆ, ಗುರುಗಳೇ, ಅಲ್ಲಿಗೆ ಹೋಗುವುದು ಒಳ್ಳೆಯದಲ್ಲ. ಪೊಲೀಸರು ಬೇಡ ಎನ್ನುತ್ತಾರೆ. ಗುರುಗಳು ನಗುತ್ತಾರೆ. ಗುರುಗಳು ಹೇಳುತ್ತಾರೆ, ನನ್ನ ಬೆಕ್ಕಿಗೆ ಹಸಿವಾಗಿದೆ. ನಾವು ದೋಣಿಯಲ್ಲಿ ಹೋಗುತ್ತೇವೆ. ನೀರು ಅಂಗಡಿಯಲ್ಲಿದೆ. ನೀರು ಬೀದಿಯಲ್ಲಿದೆ. ಗುರುಗಳು ಮೆಟ್ಟಿಲು ಹತ್ತುತ್ತಾರೆ. ಶಾಲೆಗೆ ಛಾವಣಿ ಇಲ್ಲ. ಬೆಕ್ಕು ಗೋಡೆಯ ಮೇಲಿದೆ. ಗುರುಗಳು ಗೋಡೆಯ ಕೆಳಗಿದ್ದಾರೆ. ಗೋಡೆ..."

ನಿಲ್ಲಿಸಿದ. ಉಗ್ಗಿ ನಿಂತದ್ದಲ್ಲ. ಮುಂದಿನ ಪದ ಅವನಿಗೆ ಗೊತ್ತಿರಲಿಲ್ಲ. ಕಣ್ಣು ಬಿಟ್ಟ ಯಿನ್‌ಚ್ಯೂಳ ಮುಖವನ್ನೇ ನೋಡುತ್ತ, ಎರಡೂ ಅಂಗೈಗಳನ್ನು ಗೋಡೆಯಂತೆ ನಿಲ್ಲಿಸಿ, ಮೆಲ್ಲಗೆ ವಾಲಿಸಿದ. ಪರೀಕ್ಷೆಯಲ್ಲಿ ಪದ ಮರೆತ ಎಷ್ಟೋ ಮಂದಿ ಅವಳನ್ನು ಹೀಗೆ ನೋಡಿದ್ದರು. ಯಾರಿಗೂ ಅವಳು ಹೇಳಿಕೊಟ್ಟವಳಲ್ಲ.

"ಕುಸಿಯುತ್ತದೆ," ಎಂದಳು ಇಂಗ್ಲಿಷಿನಲ್ಲಿ. ಅವಳ ಸ್ವರ ಅವಳಿಗೇ ಕೇಳಿಸಲಿಲ್ಲ.

"ಕುಸಿಯುತ್ತದೆ," ಎಂದು ತಾಯಿಯ ದನಿ ಆ ಪದವನ್ನು ಕಲಿತುಕೊಂಡಿತು. "ಗೋಡೆ ಕುಸಿಯುತ್ತದೆ. ಗುರುಗಳು ಗೋಡೆಯ ಕೆಳಗಿದ್ದಾರೆ. ನಾನು ಓಡುತ್ತೇನೆ. ನಾನು ಕಲ್ಲು ಎತ್ತುತ್ತೇನೆ. ಕಲ್ಲುಗಳು ದೊಡ್ಡವು. ನೀರು ಬರುತ್ತದೆ. ನಾನು ಗುರುಗಳನ್ನು ಕೂಗಲು ಬಯಸುತ್ತೇನೆ. ನನ್ನ ಬಾಯಿ ತೆರೆಯುತ್ತದೆ, ಹೆಸರು ಬರುವುದಿಲ್ಲ. ಗುರುಗಳು ಉತ್ತರಿಸುವುದಿಲ್ಲ. ನೀರು ಗುರುಗಳ ಮೇಲಿದೆ."

ಶುವಾಂಗ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳೂ ಇದನ್ನು ಕೇಳಿದ್ದು ಅದೇ ಮೊದಲು.

ಪೊಲೀಸ್ ಠಾಣೆಗೂ ಅವನು ಹೋಗಿದ್ದನಂತೆ. ಮೇಜಿನ ಹಿಂದೆ ಕೂತಿದ್ದವನು ಸ್ವಲ್ಪ ಹೊತ್ತು ಕಾದು, "ಮೊದ್ಲು ನೀರು ಕುಡ್ಕೊಂಡು ಬಾರಯ್ಯ, ನಿನ್ನ ಮಾತು ಮುಗಿಯೋ ಹೊತ್ತಿಗೆ ನಂಗೆ ಪಿಂಚಣಿ ಬರುತ್ತೆ," ಎಂದು ನಕ್ಕು ಕಳಿಸಿದ. ಚಾಂಗ್‌ಗೆಂಗ್ ಮತ್ತೆ ಹೋದ, ಮತ್ತೆ ವಾಪಸು ಬಂದ. ಬರೆದುಕೊಡುವಷ್ಟು ಓದು ಅವನಿಗಿರಲಿಲ್ಲ. ಅಷ್ಟರಲ್ಲಿ ಶಾಲೆಯಿದ್ದ ದಿಬ್ಬವೂ ಮುಳುಗಿತು. ಅವನು ದೋಣಿ ಮಾರಿಬಿಟ್ಟ.

ಯಿನ್‌ಚ್ಯೂಗೆ ಕೋಪ ಬರಬೇಕಿತ್ತು, ಬರಲಿಲ್ಲ. ತಾಯಿ ಸತ್ತಳೆಂದು ಅಳಬೇಕಿತ್ತು, ಅದೂ ಆಗಲಿಲ್ಲ. ತನ್ನ ಸಾವನ್ನು ತಾಯಿಯೇ ಎದುರು ಕೂತು, ಪಾಠ ಹೇಳುವ ದನಿಯಲ್ಲಿ, ಹೇಳಿ ಮುಗಿಸಿದ್ದಳು. ಹೇಳಿದ್ದರಲ್ಲಿ ಎಲ್ಲವೂ ಈಗಲೇ ನಡೆಯುತ್ತಿತ್ತು. ಈ ಗಳಿಗೆಯಲ್ಲೂ ಕೆಳಗಿನ ನೀರಿನಲ್ಲಿ ಬೆಕ್ಕು ಗೋಡೆಯ ಮೇಲಿತ್ತು, ಅಮ್ಮ ಗೋಡೆಯ ಕೆಳಗಿದ್ದಳು. ಅವಳು ಎದ್ದು ಅಂಗಳದ ಅಂಚಿಗೆ ಹೋಗಿ, ಅಲ್ಲಿಯವರೆಗೆ ನೋಡದ ನೀರನ್ನು ಬಹಳ ಹೊತ್ತು ನೋಡಿದಳು.

"ಅಮ್ಮ ಕೂಗಿಕೊಂಡಳಾ ಅಣ್ಣಾ?" ತಿರುಗದೆಯೇ ಕೇಳಿದಳು.

"ಇ... ಇ... ಇಲ್ಲ," ಎಂದ ಅವನು, ತನ್ನ ದನಿಯಲ್ಲಿ.

ವೂಹಾನಿಗೆ ಮರಳಿದ ಮೇಲೆ ಯಿನ್‌ಚ್ಯೂಗೆ ನಿದ್ದೆ ಕಡಿಮೆಯಾಯಿತು. ತರಗತಿಯಲ್ಲಿ ಪಾಠ ಮಾಡುವಾಗ ತನ್ನದೇ ರಕಾರ ನಾಲಿಗೆಯ ಮೇಲೆ ಉರುಳಿದಂತಾಗಿ ಬೆಚ್ಚುತ್ತಿದ್ದಳು. ವಾರಕ್ಕೊಮ್ಮೆ ಶುವಾಂಗ್ ಫೋನು ಮಾಡಿ ಭೂತಕಾಲ ಕಲಿಯುತ್ತಿದ್ದಳು. ಹೋಗುತ್ತೇನೆ, ಹೋದೆ. ಬೀಳುತ್ತದೆ, ಬಿತ್ತು. ಬೇಗ ಹಿಡಿದುಕೊಂಡಳು. ಹಿಡಿದುಕೊಂಡಷ್ಟೂ ಅವಳ ದನಿಯಿಂದ ಶ್ಯಾಂಗ್ ಟೀಚರ್ ದೂರವಾಗುತ್ತ ಬಂದಳು.

"ಅಪ್ಪಂಗೂ ಹೇಳಿಕೊಡೋಣ ಅಂತ ಹೋದೆ ಮೇಡಂ," ಎಂದಳು ಒಂದು ದಿನ. "ಬೇಡವೇ ಬೇಡ ಅಂದ್ರು. ಕಿವಿ ಮುಚ್ಕೊಂಡ್ರು."

ಠಾಣೆಯಲ್ಲಿ ಈ ಸಲ ಮಗಳೇ ಪಕ್ಕದಲ್ಲಿ ಕೂತು ಅಪ್ಪ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಚೀನೀ ಭಾಷೆಗೆ ತಂದು ಹೇಳಿಕೆ ಕೊಡಿಸಿದಳು. ಶ್ಯಾಂಗ್ ಟೀಚರ ಹೆಸರು ಕಾಣೆಯಾದವರ ಸಾಲಿನಿಂದ ತೀರಿಕೊಂಡವರ ಸಾಲಿಗೆ ಹೋಯಿತು. ದೇಹ ಸಿಗದವರಿಗೆ ಬಟ್ಟೆಯನ್ನೇ ಹೂಳಿ ಸಮಾಧಿ ಮಾಡುವುದು ಅಲ್ಲಿನ ಪದ್ಧತಿ. ಅದಕ್ಕೆ ಮೊದಲು ಜೀವವನ್ನು ನೀರಿನಿಂದ ಕರೆಯಬೇಕು. ಒಬ್ಬರು ಕೂಗಬೇಕು, ಇನ್ನೊಬ್ಬರು "ಬಂದರು" ಎಂದು ಓಗೊಡಬೇಕು. ಆಮೇಲೆ ಬಟ್ಟೆ ಎತ್ತಿಕೊಂಡು ಹಿಂತಿರುಗಿ ನೋಡದೆ ಮೇಲೆ ಹತ್ತಬೇಕು.

ಪಿತೃಗಳ ಸಮಾಧಿ ಗುಡಿಸುವ ಹಬ್ಬದ ಬೆಳಿಗ್ಗೆ ಯಿನ್‌ಚ್ಯೂ ತಾಯಿಯ ಹತ್ತಿಯ ಕೋಟು ತಂದಳು. ಮೂವರೂ ಮೆಟ್ಟಿಲು ಇಳಿದು ನೀರಿನಂಚಿಗೆ ಬಂದರು. ಶುವಾಂಗ್ ಸತ್ತವರಿಗೆ ಸಲ್ಲುವ ಕಾಗದದ ನೋಟುಗಳನ್ನು ಸುಟ್ಟಳು. ಬರುವ ಜೀವಕ್ಕೆ ಬೆಳಕು ತಾಗದಿರಲೆಂದು ಚಾಂಗ್‌ಗೆಂಗ್ ಕೋಟಿನ ಮೇಲೆ ಕಪ್ಪು ಕೊಡೆ ಬಿಚ್ಚಿ ಹಿಡಿದ. ಆಚೆ ದಡ ಮಂಜಿನಲ್ಲಿ ಕಾಣುತ್ತಿರಲಿಲ್ಲ.

"ಅಮ್ಮಾ," ಎಂದು ಯಿನ್‌ಚ್ಯೂ ಕೂಗಿದಳು, "ಮನೆಗೆ ಬಾ! ನೀರು ತಣ್ಣಗಿದೆ, ಮೇಲೆ ಬಾ!"

ಓಗೊಡಬೇಕಾದವನು ಚಾಂಗ್‌ಗೆಂಗ್. ಅವನ ತುಟಿ ನಡುಗಿತು. ಇಂಗ್ಲಿಷಿನಲ್ಲಿ ಹೇಳಿದರೆ ನಡೆಯುವಂತಿರಲಿಲ್ಲ, ಸತ್ತವರು ಬರುವುದು ತಮ್ಮ ತಾಯ್ನುಡಿಗೆ ಮಾತ್ರ. ತಡೆಯಲಾರದೆ ಶುವಾಂಗ್ ಬಾಯಿ ತೆಗೆದಳು. ಯಿನ್‌ಚ್ಯೂ ಅವಳ ಕೈ ಹಿಡಿದು ಅಮುಕಿದಳು. ಕಾಗದ ಉರಿದು ಬೂದಿಯಾಯಿತು. ಅವನು ಇನ್ನೂ ತಿಣುಕುತ್ತಿದ್ದ.

"ಬ... ಬ... ಬಂದ್ರು," ಎಂದ ಕೊನೆಗೆ.

ಯಿನ್‌ಚ್ಯೂ ಕೋಟು ಎದೆಗವಚಿಕೊಂಡಳು. ಅದು ತಂದಾಗಿನಷ್ಟು ಹಗುರವಿರಲಿಲ್ಲ. ಮುಂದೆ ಶುವಾಂಗ್, ನಡುವೆ ಅವಳು, ಪಕ್ಕದಲ್ಲಿ ಕೊಡೆ ಹಿಡಿದು ಚಾಂಗ್‌ಗೆಂಗ್. ಅರ್ಧದಷ್ಟು ಮೆಟ್ಟಿಲುಗಳನ್ನು ಹತ್ತುವಷ್ಟರಲ್ಲಿ ಹಿಂದೆ ಇನ್ನೊಂದು ಹೆಜ್ಜೆ ಕೇಳಿಸಿತು. ಒದ್ದೆ ಬಟ್ಟೆಯ ಚಪ್ಪಲಿಯ ಸದ್ದು. ನಾಲ್ಕಾರು ಮೆಟ್ಟಿಲು ಹತ್ತಿ ನಿಲ್ಲುತ್ತಿತ್ತು, ವಯಸ್ಸಾದವರು ದಮ್ಮು ತೆಗೆದುಕೊಳ್ಳುವ ಹಾಗೆ, ಮತ್ತೆ ಹತ್ತುತ್ತಿತ್ತು.

ಶುವಾಂಗಳ ಹೆಜ್ಜೆ ತಡವರಿಸಿತು. "ಮೇಡಂ... ಹಿಂದೆ ಯಾರೋ..."

"ನೋಡಬೇಡ," ಎಂದಳು ಯಿನ್‌ಚ್ಯೂ. "ಸ್ವಲ್ಪ ನಿಧಾನ ನಡಿ. ಅವಳಿಗೆ ಮೆಟ್ಟಿಲು ಹತ್ತೋದು ಕಷ್ಟ."