ಸುಕ್ಕರ್‌ಳ ಬೆನ್ನು, ಎಡ್ವರ್ಡರ ಸೊಂಟ

ಕೊಬ್ಬರಿ ಎಣ್ಣೆ ತಿಕ್ಕಿದ ಚರ್ಮದ ವಾಸನೆ ಎಂದರೆ ಅಗಾತಾಬಾಯಿಗೆ ಕ್ರಿಸ್ಮಸ್ಸಿನ ವಾಸನೆ. ಕಿನ್ನಿಗೋಳಿಯ ಮನೆಯಲ್ಲಿ ಅವರ ಅಪ್ಪನಿಗೆ ಇದ್ದದ್ದು ಒಂದೇ ಜೊತೆ ಬೂಟು. ವರ್ಷವಿಡೀ ನುಸಿಗುಳಿಗೆಯ ಸಂಗಡ ಮಂಚದ ಕೆಳಗೆ ಮಲಗಿರುತ್ತಿದ್ದ ಅದನ್ನು ಹಬ್ಬದ ಮುನ್ನಾದಿನ ಹೊರತೆಗೆದು ಎಣ್ಣೆ ತಿಕ್ಕಿ ಜಗಲಿಯಲ್ಲಿಡುತ್ತಿದ್ದರು. ಮರುದಿನ ಅಪ್ಪ ಅದನ್ನು ಮೆಟ್ಟಿಕೊಂಡು ಇಗರ್ಜಿಯವರೆಗೂ ಕುಂಟುತ್ತಾ ಹೋಗುತ್ತಿದ್ದರು. ಬೂಟು ಬಿಗಿ. "ಚರ್ಮ ಅಲ್ವಾ, ಬಿಡ್ತದೆ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಅಪ್ಪ ತೀರಿಕೊಳ್ಳುವವರೆಗೂ ಅದು ಬಿಡಲಿಲ್ಲ.

ಅದೇ ವಾಸನೆ ಈಗ ಅಲ್ ಐನ್ ಊರಾಚೆಯ ಒಂದು ಕುದುರೆ ಲಾಯದಲ್ಲಿ, ದುಬೈಯಿಂದ ಬಂದ ರಟ್ಟಿನ ಪೆಟ್ಟಿಗೆಯೊಳಗಿಂದ ಎದ್ದು ಬಂತು. ಇಣುಕಿ ನೋಡಿದ ಅಗಾತಾಬಾಯಿ ಒಂದು ಹೆಜ್ಜೆ ಹಿಂದೆ ಸರಿದರು. ವಾಸನೆಯಿಂದಲ್ಲ. ಪೆಟ್ಟಿಗೆಯೊಳಗಿದ್ದ ಜೀನು ಅವರು ಅಂದುಕೊಂಡದ್ದಕ್ಕಿಂತ ತುಂಬಾ ಚಿಕ್ಕದಿತ್ತು.

"ನೋಡು ಅಗಾತಾ, ಎಂಥ ಕೆಲಸಗಾರಿಕೆ!" ಎಂದರು ಅವರ ಯಜಮಾನರು ಎಡ್ವರ್ಡ್, ಮೀಸೆ ನೀವಿಕೊಳ್ಳುತ್ತಾ.

ಎಡ್ವರ್ಡ್ ಆಸ್ಪತ್ರೆಯೊಂದರ ಸ್ಟೋರಿನಲ್ಲಿ ಬಹಳ ವರ್ಷ ದುಡಿದವರು. ಡಾಕ್ಟರು ಅವರಿಗೆ, ದಿನಾ ಸ್ವಲ್ಪ ವ್ಯಾಯಾಮ ಮಾಡಿ, ಎಂದಿದ್ದರು. ಉಳಿದವರಾದರೆ ನಡೆಯಲು ಹೊರಡುತ್ತಿದ್ದರು. ಎಡ್ವರ್ಡ್ ಕುದುರೆ ಸವಾರಿ ಆರಿಸಿಕೊಂಡರು; ಅದರಲ್ಲಿ ನಡೆಯುವ ಕೆಲಸವನ್ನು ಕುದುರೆಯೇ ಮಾಡುತ್ತದೆ. ಸವಾರಿಯಲ್ಲಿಯೂ ಇಂಗ್ಲಿಷ್ ಶೈಲಿ ಬೇಡ, ಅಮೆರಿಕದ ದನಗಾಹಿಗಳ ವೆಸ್ಟರ್ನ್ ಶೈಲಿಯೇ ಬೇಕು ಎಂದರು. ಕಾರಣ ಕೇಳಿದರೆ, "ಆ ಜೀನಿಗೆ ಮುಂದೆ ಒಂದು ಕೊಂಬು ಉಂಟಲ್ಲ, ಹಿಡ್ಕೊಳ್ಳಲಿಕ್ಕೆ ಆಗ್ತದೆ."

ಲಾಯ ಅಬ್ದುಲ್ ರಹೀಮರದ್ದು. ಭಟ್ಕಳದವರು, ಪೇಟೆಯಲ್ಲಿ ಬಟ್ಟೆ ಅಂಗಡಿ. ಕುದುರೆ ಸಾಕುವುದು ಅವರ ಹುಚ್ಚು. ಮೂರು ಕುದುರೆಗಳಲ್ಲಿ ಎರಡು ಎಡ್ವರ್ಡರನ್ನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತಿದ್ದವು. ಮೂರನೆಯದು ಸುಕ್ಕರ್, ಅರಬ್ಬೀ ತಳಿಯ ಬೂದು ಬಣ್ಣದ ಹೆಣ್ಣು. ಹೆಸರಿನಂತೆಯೇ ಸಕ್ಕರೆ. ಎಡ್ವರ್ಡ್ ಹತ್ತುವಾಗ ಅದು ಕಾಲನ್ನು ಅಗಲ ಊರಿ, ಮನೆಗೆ ಗ್ಯಾಸ್ ಸಿಲಿಂಡರ್ ಬಂದಾಗ ಬಾಗಿಲು ಹಿಡಿದು ನಿಲ್ಲುವ ಸೊಸೆಯಂತೆ ಸಹನೆಯಿಂದ ನಿಲ್ಲುತ್ತಿತ್ತು. ಸುಕ್ಕರ್ ಬಿಟ್ಟು ಬೇರೆ ಕುದುರೆ ಹತ್ತುವ ಧೈರ್ಯ ಎಡ್ವರ್ಡರಿಗೆ ಇರಲಿಲ್ಲ.

ಆದರೆ ಲಾಯದಲ್ಲಿದ್ದ ಹಳೆಯ ಜೀನು ಉದ್ದ. ಅರಬ್ಬೀ ಕುದುರೆಯ ಬೆನ್ನು ಗಿಡ್ಡ. ಜೀನಿನ ಹಿಂದಕ್ಕೆ ಚಾಚಿದ ಚರ್ಮದ ಸೆರಗು ಸೊಂಟಕ್ಕೆ ಉಜ್ಜಿ ಉಜ್ಜಿ ಸುಕ್ಕರ್‌ಳ ಬೆನ್ನಿನಲ್ಲಿ ಕೂದಲು ಉದುರಿತು. ರಹೀಮ್ ಅವತ್ತೇ ಜೀನನ್ನು ಮೂಲೆಗೆ ಹಾಕಿ, ಊರಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ ಎಡ್ವರ್ಡರನ್ನು 'ಪರ್ಬುಗಳೇ' ಎಂದು ಕರೆದು ಹೇಳಿದರು:

"ಪರ್ಬುಗಳೇ, ಬರುವ ಶನಿವಾರ ನಮ್ಮ ಲಾಯದ ಸವಾರಿ ಪ್ರದರ್ಶನ. ಕುದುರೆಗೂ ನಿಮಗೂ ಇಬ್ಬರಿಗೂ ಸರಿಹೋಗುವ ಜೀನು ಅಷ್ಟರಲ್ಲಿ ಬಂದ್ರೆ ಸುಕ್ಕರ್ ನಿಮ್ದು. ಇಲ್ಲಾಂದ್ರೆ ನನ್ನ ಸೊಸೆ ಮರ್ಯಮ್ ಏರ್ತಾಳೆ. ಬೇಜಾರು ಮಾಡ್ಬೇಡಿ, ಅದಕ್ಕೆ ಬಾಯಿ ಇಲ್ಲ, ಅದರ ಪರವಾಗಿ ನಾನೇ ಮಾತಾಡ್ಬೇಕು."

ಎಡ್ವರ್ಡ್ ಇಗರ್ಜಿಯಲ್ಲಿ ಸಿಕ್ಕವರಿಗೆಲ್ಲ ಪ್ರದರ್ಶನದ ಸುದ್ದಿ ಹೇಳಿಯಾಗಿತ್ತು. ಟೋಪಿಯನ್ನೂ ಕೊಂಡಾಗಿತ್ತು.

ಹಾಗಾಗಿ ಅಳತೆ ತೆಗೆಯುವ ಕೆಲಸ ಶುರುವಾಯಿತು. ಸುಕ್ಕರ್‌ಳ ಅಳತೆಯನ್ನು ಅಗಾತಾಬಾಯಿಯೇ ತೆಗೆದರು. ಗೃಹವಿಜ್ಞಾನದಲ್ಲಿ ಡಿಗ್ರಿ ಮಾಡಿದವರು; ಊರಿನ ಅರ್ಧ ಹೆಂಗಸರ ರವಿಕೆ ಹೊಲಿದವರು. ದಪ್ಪ ತಂತಿಯೊಂದನ್ನು ಕುದುರೆಯ ಹೆಗಲಿನ ದಿಬ್ಬದ ಮೇಲೆ ಬಾಗಿಸಿ, ಆ ಆಕಾರವನ್ನು ಹಳೆ ಪೇಪರಿನ ಮೇಲೆ ಬರೆದು, ಕತ್ತರಿಸಿ, ದುಬೈಯ ಅಲ್ ನಹ್ದಾದಲ್ಲಿ ಕುದುರೆ ಸಾಮಾನಿನ ಅಂಗಡಿ ಇಟ್ಟಿದ್ದ ರಹೀಮರ ಅಕ್ಕನ ಮಗ ಫರಾಝ್‌ಗೆ ಕಳುಹಿಸಿದರು. ಬೆನ್ನಿನ ಉದ್ದ, ಕೊನೆಯ ಪಕ್ಕೆಲುಬು ಎಲ್ಲಿ ಮುಗಿಯುತ್ತದೆ ಎಂಬುದು, ಎಲ್ಲವೂ ಅದರಲ್ಲಿತ್ತು. ಕುದುರೆಯ ಅಳತೆಯಲ್ಲಿ ಒಂದು ನೂಲಿನಷ್ಟೂ ಸುಳ್ಳಿರಲಿಲ್ಲ.

ಸವಾರನ ಅಳತೆಯನ್ನು ಸವಾರನೇ ಫೋನಿನಲ್ಲಿ ಹೇಳಿದ. ಫರಾಝ್ ಕೇಳಿದ್ದು ಇಷ್ಟೇ: "ಅಂಕಲ್, ಪ್ಯಾಂಟ್ ಸೈಜ್ ಎಷ್ಟು?" ಎಡ್ವರ್ಡ್ ಹೆಮ್ಮೆಯಿಂದ ಹೇಳಿದ್ದೂ ಇಷ್ಟೇ: "ಮೂವತ್ನಾಲ್ಕು. ಗಲ್ಫಿಗೆ ಬಂದಾಗಲೂ ಮೂವತ್ನಾಲ್ಕು, ಈಗಲೂ ಮೂವತ್ನಾಲ್ಕು."

ಅಗಾತಾಬಾಯಿ ಆಗ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋಗಿದ್ದರು. ಒಳಗೆ ಇದ್ದಿದ್ದರೆ ಏನಾದರೂ ಹೇಳುತ್ತಿದ್ದರೋ ಏನೋ. ಅದು ಅವರಿಗೂ ಗೊತ್ತಿಲ್ಲ.

ಯಾಕೆಂದರೆ ಆ ಮೂವತ್ತನಾಲ್ಕು ಅವರದೇ ಸೃಷ್ಟಿ. ಬಹಳ ಹಿಂದೆ, ಎಡ್ವರ್ಡರಿಗೆ ಬರಬೇಕಿದ್ದ ಬಡ್ತಿ ಮತ್ತೊಬ್ಬರ ಪಾಲಾದ ವಾರ, ಅವರ ಕಂದು ಪ್ಯಾಂಟಿನ ಗುಂಡಿ ಕೂಡಲೊಲ್ಲದೆ ಹೋಯಿತು. ಅವರು ಮಂಚದ ಅಂಚಿಗೆ ಕುಳಿತು, "ಇದೂ ಕೈ ಬಿಟ್ಟಿತು" ಎಂದಿದ್ದರು. ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಅಗಾತಾಬಾಯಿ ಪ್ಯಾಂಟಿನ ಹಿಂದಿನ ಹೊಲಿಗೆ ಬಿಚ್ಚಿ ಅಗಲ ಮಾಡಿದರು. ಗುಂಡಿ ಕೂಡಿತು. ಎಡ್ವರ್ಡ್ ಸಿಳ್ಳೆ ಹಾಕುತ್ತಾ ಡ್ಯೂಟಿಗೆ ಹೋದರು. ಆಮೇಲೆ ಅದೊಂದು ಪದ್ಧತಿಯೇ ಆಯಿತು. ಬಿಚ್ಚಲು ಹೊಲಿಗೆ ಉಳಿಯದಿದ್ದಾಗ ಅದೇ ಕಂದು ಬಟ್ಟೆ ತಂದು ಹೊಸ ಪ್ಯಾಂಟು ಹೊಲಿದು, ಹಳೆಯದರ '34' ಎಂಬ ಚೀಟಿಯನ್ನು ಬಿಚ್ಚಿ ಹೊಸದಕ್ಕೆ ಹಚ್ಚುತ್ತಿದ್ದರು. ಡಾಕ್ಟರರ ತೂಕದ ಯಂತ್ರ ಬೇರೆ ಹೇಳಿದರೆ ಎಡ್ವರ್ಡ್, "ನಮ್ಮ ಮನೆತನದ್ದು ಎಲುಬು ಭಾರ" ಎನ್ನುತ್ತಿದ್ದರು. ಕನ್ನಡಿಯಲ್ಲಿ ಅವರು ನೋಡಿಕೊಳ್ಳುತ್ತಿದ್ದದ್ದು ಮೀಸೆಯನ್ನು ಮಾತ್ರ.

ಈಗ, ಪೆಟ್ಟಿಗೆಯ ಜೊತೆ ವ್ಯಾನಿನಲ್ಲಿ ತಾನೇ ಬಂದಿದ್ದ ಫರಾಝ್ ಜೀನನ್ನು ಸುಕ್ಕರ್‌ಳ ಬೆನ್ನಿಗೇರಿಸಿದ. ಕೆಳಗೆ ಕಂಬಳಿ ಹಾಕದೆ ಬರಿ ಬೆನ್ನ ಮೇಲೆಯೇ ಇಟ್ಟು ನೋಡಿದ. ಹೆಗಲಿನ ದಿಬ್ಬಕ್ಕೂ ಜೀನಿಗೂ ನಡುವೆ ಬೆರಳು ಸಲೀಸಾಗಿ ಹೋಯಿತು. ಹಿಂದಿನ ಸೆರಗು ಪಕ್ಕೆಲುಬು ಮುಗಿಯುವಲ್ಲಿಗೇ ನಿಂತಿತು. ಸುಕ್ಕರ್ ಒಮ್ಮೆ ಮೈ ಕೊಡವಿ ಬಾಯಿ ಚಪ್ಪರಿಸಿತು.

"ಮಾಷಾ ಅಲ್ಲಾ! ಬಾಯಮ್ಮ, ಕುದುರೆಗೆ ರವಿಕೆ ಹೊಲಿದ ಹಾಗೆ ಕೂತಿದೆ" ಎಂದರು ರಹೀಮ್. "ಯಲ್ಲಾ ಪರ್ಬುಗಳೇ, ಹತ್ತಿ."

ಎಡ್ವರ್ಡ್ ಟೋಪಿ ಇಟ್ಟುಕೊಂಡು, ಸ್ಟೂಲ್ ಏರಿ, ರಿಕಾಪಿಗೆ ಕಾಲಿಟ್ಟು, ದೇವರ ಹೆಸರು ಹೇಳಿ ಕುಳಿತರು.

ಕುಳಿತರು ಎಂದರೆ ಪೂರ್ತಿ ಸರಿಯಲ್ಲ. ಹಿಂಭಾಗ ಜೀನಿನ ಹಿಂದಿನ ಏರಿನ ಮೇಲೆ ಉಳಿಯಿತು. ಹೊಟ್ಟೆ ಮುಂದಿನ ಕೊಂಬಿನ ಮೇಲೆ ವಿರಾಜಮಾನವಾಯಿತು. ನಡುವಿನ ಎಡ್ವರ್ಡ್ ಕೆಳಕ್ಕೆ ಇಳಿಯಲು ಒದ್ದಾಡಿ, ಒಂದು ಸಲ 'ಫುಸ್' ಎಂದು ಇಳಿದುಬಿಟ್ಟರು. ಆಮೇಲೆ ಅಲುಗಾಡಲಿಲ್ಲ.

"ಹೇಗುಂಟು?" ಎಂದು ಕೇಳಿದರು ಅಗಾತಾಬಾಯಿ ಮೆಲ್ಲಗೆ.

"ಫಸ್ಟ್ ಕ್ಲಾಸ್" ಎಂದರು ಎಡ್ವರ್ಡ್, ಕೀರಲು ದನಿಯಲ್ಲಿ. "ಚರ್ಮ ಅಲ್ವಾ, ಬಿಡ್ತದೆ."

ಫರಾಝ್ ಹತ್ತಿರ ಬಂದು ಹೊಟ್ಟೆಗೂ ಕೊಂಬಿಗೂ ನಡುವೆ ಕೈ ತೂರಿಸಲು ನೋಡಿದ. "ಇಲ್ಲಿ ನಾಲ್ಕು ಬೆರಳು ಹೋಗ್ಬೇಕು ಅಂಕಲ್."

"ಒಂದು ಹಾಕಿ ನೋಡು."

"ಉಗುರೂ ಹೋಗೋದಿಲ್ಲ."

ಸುಕ್ಕರ್ ಕತ್ತು ತಿರುಗಿಸಿ ಬೆನ್ನ ಮೇಲೇನಾಗುತ್ತಿದೆ ಎಂದು ನೋಡಿತು. ನೋಡಿ, ಮತ್ತೆ ಮುಂದಕ್ಕೆ ತಿರುಗಿತು. ಇಳಿಯುವುದೇ ಸರಿಯೆಂದು ಎಲ್ಲರೂ ತೀರ್ಮಾನಿಸಿದರು. ಇಳಿಯಲು ಆಗಲಿಲ್ಲ.

"ಉಸಿರು ಬಿಡಿ ಪರ್ಬುಗಳೇ" ಎಂದರು ರಹೀಮ್, ಒಂದು ತೋಳು ಹಿಡಿದು.

"ಬಿಟ್ಟಿದ್ದೇನೆ."

"ಇನ್ನೂ ಸ್ವಲ್ಪ ಬಿಡಿ."

"ಇನ್ನು ಬಿಟ್ರೆ ಪಾದ್ರಿಯನ್ನು ಕರೀಬೇಕಾಗ್ತದೆ ಸಾಹೇಬ್ರೇ!"

ರಹೀಮ್ ಒಂದು ಕಡೆ, ಫರಾಝ್ ಇನ್ನೊಂದು ಕಡೆ ಎಳೆದು, ಇಡ್ಲಿಯನ್ನು ತಟ್ಟೆಯಿಂದ ಬಿಡಿಸಿದಂತೆ ಬಿಡಿಸಿದರು. ನೆಲಕ್ಕೆ ಕಾಲು ತಾಗಿದ ಕೂಡಲೇ ಎಡ್ವರ್ಡರ ಸಿಟ್ಟು ನೆತ್ತಿಗೇರಿತು.

"ಎಂತ ಮಾರಾಯ ಫರಾಝ್, ಮಕ್ಕಳ ಜೀನು ತಂದಿದ್ದೀಯಲ್ಲ! ನಾನು ಸರಿಯಾಗಿ ಹೇಳ್ಲಿಲ್ವಾ?" ಎಂದು ಪ್ಯಾಂಟಿನ ಸೊಂಟಪಟ್ಟಿ ಮಡಚಿ ಚೀಟಿ ತೋರಿಸಿದರು. "ಓದು. ಎಷ್ಟು ಬರೆದುಂಟು?"

"ಥರ್ಟಿ ಫೋರ್" ಎಂದು ಓದಿದ ಫರಾಝ್. ಅವನ ಕಣ್ಣು ಚೀಟಿಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಚೀಟಿಗೆ ಹೋಗಿ ಬಂತು. "ನನ್ನದೇ ತಪ್ಪಿರ್ಬೇಕು ಅಂಕಲ್. ಸಾರಿ."

"ಇರ್ಬೇಕು ಅಂದ್ರೇನು?" ರಹೀಮ್ ಸೋದರಳಿಯನ ಮೇಲೆ ರೇಗಿದರು. "ನನ್ನ ಸ್ನೇಹಿತರ ಮುಂದೆ ನನ್ನ ಮರ್ಯಾದೆ ತೆಗೆದೆಯಲ್ಲ! ಒಂದು ಜೀನು ನೆಟ್ಟಗೆ ಕೊಡಲಿಕ್ಕೆ ಬರೋದಿಲ್ಲ, ಅಂಗಡಿ ಇಟ್ಟಿದ್ದಾನಂತೆ!"

ಫರಾಝ್ ತಲೆ ತಗ್ಗಿಸಿ ನಿಂತ. ಅಗಾತಾಬಾಯಿ ಅವನ ಬಾಗಿದ ಕತ್ತನ್ನು ನೋಡಿದರು; ಗಂಡನ ಮುಖವನ್ನು ನೋಡಿದರು. ಇಷ್ಟು ವರ್ಷ ಜೋಪಾನ ಮಾಡಿದ ಒಂದು ಸುಖವನ್ನು ಕುದುರೆ ಲಾಯದಲ್ಲಿ ನಿಂತು ಒಡೆಯಬೇಕೇ? ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪೆಟ್ಟು ಮಾತ್ರ ಏನೂ ಮಾಡದ ಈ ಹುಡುಗನ ಮೇಲೆ.

"ಅವನನ್ನು ಬೈಬೇಡಿ ಸಾಹೇಬ್ರೇ" ಎಂದರು. "ಚೀಟಿ ಹಳೇದು. ಪ್ಯಾಂಟು ಹಳೇದಲ್ಲ."

"ಅಂದ್ರೆ?" ಎಂದರು ಎಡ್ವರ್ಡ್.

"ನಾನು ಚೀಟಿ ಬಿಚ್ಚಿ ಹೊಸದಕ್ಕೆ ಹೊಲಿತಾ ಇದ್ದೆ. ನೀವು ಬೇಜಾರು ಮಾಡ್ಕೊಳ್ಳೋದು ಬೇಡ ಅಂತ."

ಎಡ್ವರ್ಡ್ ಸೊಂಟಪಟ್ಟಿಯನ್ನು ಹಿಡಿದುಕೊಂಡೇ ನಿಂತರು. ಆ ಕಂದು ಬಟ್ಟೆಯನ್ನು ಎರಡು ವರ್ಷಕ್ಕೊಮ್ಮೆ, ಪ್ರತಿ ಸಲ ಸ್ವಲ್ಪ ಹೆಚ್ಚು ಉದ್ದ, ತಮ್ಮ ಅಂಗಡಿಯಲ್ಲಿ ತಮ್ಮ ಕೈಯಿಂದಲೇ ಕತ್ತರಿಸಿ ಕೊಡುತ್ತಿದ್ದ ರಹೀಮ್, ಆಕಾಶದಲ್ಲಿ ಏನೋ ಬಹು ಮುಖ್ಯವಾದದ್ದನ್ನು ಹುಡುಕತೊಡಗಿದರು.

"ಹಾಗಾದ್ರೆ ಇಗರ್ಜಿಯಲ್ಲಿ ನಾನು ಎಲ್ಲರ ಹತ್ರ ಮೂವತ್ನಾಲ್ಕು ಅಂತ ಹೇಳಿದ್ದು..." ಎಂದು ಎಡ್ವರ್ಡ್ ಮಾತು ನಿಲ್ಲಿಸಿದರು. ಟೋಪಿ ತೆಗೆದು, ಬೇಲಿಯಾಚೆಯ ಖರ್ಜೂರದ ಮರದ ಕೆಳಗೆ ಹೋಗಿ, ಇತ್ತ ಬೆನ್ನು ಹಾಕಿ ಕುಳಿತರು.

ಅಗಾತಾಬಾಯಿ ಸುಕ್ಕರ್‌ಳ ಕತ್ತು ಸವರುತ್ತಾ ನಿಂತರು. ಫರಾಝ್ ಹತ್ತಿರ ಬಂದು ಪಿಸುಗುಟ್ಟಿದ: "ಆಂಟಿ, ವ್ಯಾನಿನಲ್ಲಿ ಇನ್ನೊಂದು ಜೀನು ಉಂಟು. ಸೀಟು ದೊಡ್ಡದು, ಹಿಂದೆ ಸೆರಗು ಗುಂಡಗೆ ಕತ್ತರಿಸಿದ್ದು. ಗಿಡ್ಡ ಬೆನ್ನಿಗೆ ತಾಗೋದಿಲ್ಲ."

"ಮೊದಲೇ ಯಾಕೆ ತೆಗೀಲಿಲ್ಲ ಮಗಾ?"

"ಫೋನಿನಲ್ಲಿ ಅಂಕಲ್ ಅವರ ಫೋಟೋ ನೋಡಿದ್ದೆ." ಅವನು ಕಾಲಿನಿಂದ ಮರಳು ಕೆರೆದ. "ಅಷ್ಟು ಖುಷಿಯಲ್ಲಿ ಥರ್ಟಿ ಫೋರ್ ಅಂದ್ರು. ಅಲ್ಲ ಅಂತ ಹೇಗೆ ಹೇಳೋದು?"

ಅಗಾತಾಬಾಯಿಗೆ ನಗು ಬಂತು. ಆ ಮನುಷ್ಯನ ಹೊಟ್ಟೆಯನ್ನು ಮುಚ್ಚಿಡಲು ಎಷ್ಟು ಜನ!

ವ್ಯಾನಿನಿಂದ ಜೀನು ಬಂತು. ಅಗಾತಾಬಾಯಿ ತಾವು ಕತ್ತರಿಸಿ ಕಳುಹಿಸಿದ್ದ ಪೇಪರಿನ ಆಕಾರವನ್ನು ಅದರ ಒಳಮೈಗೆ ಹಿಡಿದು ನೋಡಿದರು, ಹೊಂದಿತು. ಸುಕ್ಕರ್‌ಳ ಮೇಲಿಟ್ಟು ಕೆಳಗೆ ಅಂಗೈ ಆಡಿಸಿದರು, ಎಲ್ಲಿಯೂ ಒತ್ತುತ್ತಿರಲಿಲ್ಲ. ಹೊಂದಬೇಕಾದವರು ಇನ್ನು ಒಬ್ಬರು ಮಾತ್ರ. ರಹೀಮ್ ಕರೆದರು, ಫರಾಝ್ ಕರೆದ. ಖರ್ಜೂರದ ಮರದ ಕೆಳಗಿನ ಬೆನ್ನು ಅಲುಗಲಿಲ್ಲ.

ಕೊನೆಗೆ ರಹೀಮ್ ಗಟ್ಟಿಯಾಗಿ ಹೇಳಿದರು: "ಖಲಾಸ್. ಮರ್ಯಮ್‌ಗೆ ಹೇಳ್ತೇನೆ, ಶನಿವಾರ ಅವಳೇ ಏರಲಿ."

ಸುಕ್ಕರ್ ಆಗಲೇ ಹೇಷಾರವ ಮಾಡಬೇಕೇ! ಮೇವಿನ ಹೊತ್ತಾಗಿತ್ತು, ಅಷ್ಟೇ. ಆದರೆ ಎಡ್ವರ್ಡ್ ಎದ್ದು ನಿಂತರು. ಪ್ಯಾಂಟಿನ ಮರಳು ಕೊಡವಿಕೊಂಡು ಬಂದು ಹೆಂಡತಿಯ ಎದುರು ನಿಂತು, ಅವರ ಮುಖ ನೋಡದೆ, ಶಿಲುಬೆಯಂತೆ ಎರಡೂ ಕೈ ಅಗಲಿಸಿದರು.

"ಅಳತೆ ತೆಗಿ."

"ಮನೆಯಲ್ಲಿ ತೆಗೀಬಹುದು..."

"ಇಲ್ಲೇ ತೆಗಿ. ಕುದುರೆಗೆ ತೆಗ್ದಿಯಲ್ಲ, ಹಾಗೇ."

ಅಗಾತಾಬಾಯಿ ಕೈಚೀಲದಿಂದ ಟೇಪು ತೆಗೆದು ಅವರ ಸೊಂಟದ ಸುತ್ತ ತಂದರು. ಎಡ್ವರ್ಡ್ ಅಭ್ಯಾಸದಂತೆ ಉಸಿರೊಳಗೆಳೆದರು. ಮತ್ತೆ ತಾವಾಗಿಯೇ ಬಿಟ್ಟರು.

"ನಲವತ್ತನಾಲ್ಕು" ಎಂದರು ಅಗಾತಾಬಾಯಿ ತಗ್ಗಿದ ದನಿಯಲ್ಲಿ.

"ಗಟ್ಟಿ ಹೇಳು. ಸುಕ್ಕರ್‌ಗೂ ಕೇಳಲಿ, ಹೊರುವುದು ಅವಳಲ್ವಾ?"

"ನಲವತ್ತನಾಲ್ಕು!"

"ಹತ್ತು ಇಂಚು" ಎಂದರು ಎಡ್ವರ್ಡ್, ಯೋಚಿಸುತ್ತಾ. ಆಮೇಲೆ ರಹೀಮರ ಕಡೆ, ಅವರು ತೊಟ್ಟಿದ್ದ ಪಾದದವರೆಗಿನ ಸಡಿಲ ಅರಬ್ಬೀ ನಿಲುವಂಗಿಯ ಕಡೆ ತಿರುಗಿ, "ನೀವು ಎಂತ ನಗೋದು? ನಿಮ್ಮ ಕಂದೂರ ಎತ್ತಿದ್ರೆ ಎಷ್ಟು ಬರ್ತದೆ?" ಎಂದರು.

"ಅದಕ್ಕೇ ಅಲ್ವಾ ಪರ್ಬುಗಳೇ ನಾವು ಕಂದೂರ ಹಾಕೋದು, ಅದಕ್ಕೆ ಸೈಜೇ ಇಲ್ಲ!" ಎಂದರು ರಹೀಮ್. ಇಬ್ಬರೂ ಬೇಲಿ ಹಿಡಿದುಕೊಂಡು ನಕ್ಕರು.

ಎಡ್ವರ್ಡ್ ಮತ್ತೆ ಸ್ಟೂಲ್ ಏರಿದರು. ಈ ಸಲ ನಿಜಕ್ಕೂ ಕುಳಿತರು. ಹೊಟ್ಟೆಗೂ ಕೊಂಬಿಗೂ ನಡುವೆ ಫರಾಝ್‌ನ ನಾಲ್ಕು ಬೆರಳು ಹೋದವು. ಸುಕ್ಕರ್ ಕಿವಿ ಮುಂದಕ್ಕೆ ಮಾಡಿಕೊಂಡು, ಮದುವೆ ಮೆರವಣಿಗೆಯ ಬಸ್ಸಿನಂತೆ ನಿಧಾನವಾಗಿ ಅಂಗಳ ಸುತ್ತಿತು. ಅಗಾತಾಬಾಯಿ ಪಕ್ಕದಲ್ಲೇ ಹಗ್ಗ ಹಿಡಿದು ನಡೆದರು. ಇಳಿದ ಮೇಲೆ ರಹೀಮ್ ಜೀನು ತೆಗೆದು, ಕುದುರೆಯ ಬೆವರನ್ನು ನೋಡಿದರು. ಎರಡೂ ಬದಿ ಒಂದೇ ಸಮ ಒದ್ದೆ, ನಡುವೆ ಉಜ್ಜಿದ ಗುರುತಿಲ್ಲ.

"ಶನಿವಾರ ಸುಕ್ಕರ್ ನಿಮ್ದೇ" ಎಂದರು.

ಎಡ್ವರ್ಡ್ ರಹೀಮರ ಕೈ ಕುಲುಕಿದರು, ಫರಾಝ್‌ನ ಬೆನ್ನು ತಟ್ಟಿ ಏನೋ ಹೇಳಿದರು. ಹೆಂಡತಿಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಮರ್ಯಮ್ ಮನೆಯಿಂದ ಭಟ್ಕಳದ ಬಿರಿಯಾನಿ ತಂದಿದ್ದಳು. ಗಂಡಸರು ಒಳಗಿನ ಚಾಪೆಯಲ್ಲಿ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತರು. ಮರ್ಯಮ್ ಎರಡು ಸಲ ಕರೆದರೂ ಅಗಾತಾಬಾಯಿ, ಹಸಿವಿಲ್ಲ, ಎಂದು ಹೊರಗೆ ಬೆಂಚಿನ ಮೇಲೆಯೇ ಉಳಿದು, ಸುತ್ತಿದ್ದ ಟೇಪನ್ನು ಬಿಚ್ಚುತ್ತಾ ಮತ್ತೆ ಸುತ್ತುತ್ತಾ ಇದ್ದರು.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಎಡ್ವರ್ಡ್ ಕಾಣಿಸಿಕೊಂಡರು. ಇಷ್ಟು ವರ್ಷಗಳ ಸಂಸಾರದಲ್ಲಿ ತಮ್ಮ ಲೋಟಕ್ಕೆ ತಾವು ನೀರು ಬಗ್ಗಿಸಿಕೊಂಡವರಲ್ಲ. ಅವರ ಎರಡೂ ಕೈಯಲ್ಲಿ ಒಂದು ತಟ್ಟೆ ಇತ್ತು. ಹೆಂಡತಿಗೆ ಇಷ್ಟವೆಂದು ಈರುಳ್ಳಿ ಮಸಾಲೆ ದಪ್ಪಗಿದ್ದ ಕಡೆಯಿಂದ ಬಡಿಸಿದ್ದರು. ಮಾಂಸವನ್ನು ಮೂಳೆಯಿಂದ ಬಿಡಿಸಿ ಒಂದು ಬದಿಗಿಟ್ಟಿದ್ದರು. ಮರಳಿನಲ್ಲಿ ಚೆಲ್ಲದಂತೆ ಹೆಜ್ಜೆ ಎಣಿಸುವಂತೆ ಬಂದು, ತಟ್ಟೆಯನ್ನು ಅಗಾತಾಬಾಯಿಯ ಕೈಗೆ ಕೊಟ್ಟರು.